ಆನೆ ಹಂದಿಯಾದ ರೂಪಾಯಿ

ಇವತ್ತು ಚುನಾವಣೆ ಬೇಡ, ರಾಜೀನಾಮೆ ಬೇಡ, ಯಾರು ಯಾರ ಮನೆಗೆ ಊಟಕ್ಕೆ ಹೋದರು ಅನ್ನೋದೂ ಬೇಡ. ನಿಮ್ಮ ಜೇಬಿನಲ್ಲಿ, ಇಲ್ಲವೇ ದೇವರ ಮುಂದಿನ ಡಬ್ಬಿಯಲ್ಲಿ ಬಿದ್ದಿರೋ ಒಂದು ವಸ್ತುವಿನ ಬಗ್ಗೆ ಮಾತಾಡೋಣ. ಹತ್ತು ರೂಪಾಯಿ ನಾಣ್ಯ.

ಸವದತ್ತಿ, ಬೈಲಹೊಂಗಲ, ರಾಮದುರ್ಗ, ಕಿತ್ತೂರು ಕಡೆಯ ಸಂತೆಗಳಲ್ಲಿ ಈ ನಾಣ್ಯ ತೆಗೆದು ಕೊಟ್ಟವರಿಗೆ ಈ ಮಾತು ಗೊತ್ತಿರುತ್ತೆ.

"ಅಕ್ಕಾರ, ಇದು ನಡ್ಯಾಂಗಿಲ್ರೀ. ನೋಟ್ ಇದ್ರ ಕೊಡ್ರಿ."

"ಯಾಕ ನಡ್ಯಾಂಗಿಲ್ಲೋ ತಮ್ಮಾ? ಸರ್ಕಾರದ್ದ ಐತಲ್ಲ."

"ಸರ್ಕಾರದ್ದ ಇರಬಹುದ್ರೀ. ನಾ ತಗೊಂಡ್ರ ಮುಂದ ನನ್ನ ಕಡಿಂದ ಯಾರ ತಗೋತಾರ?"

ಈ ಕೊನೆಯ ಸಾಲು ಗಮನಿಸಿ. ಅಂಗಡಿಯ ಹುಡುಗ ನಾಣ್ಯ ಖೋಟಾ ಅಂತ ಹೇಳ್ತಾ ಇಲ್ಲ. ಮುಂದಿನವನು ತಗೊಳ್ಳಲ್ಲ ಅಂತ ಹೇಳ್ತಾ ಇದ್ದಾನೆ. ದುಡ್ಡಿನ ಇಡೀ ಶಾಸ್ತ್ರ ಈ ಒಂದು ಮಾತಿನಲ್ಲಿದೆ. ನಾಣ್ಯದ ಬೆಲೆ ಇರೋದು ಮುಂದಿನವನು ಅದನ್ನ ನಂಬ್ತಾನೆ ಅನ್ನೋ ನಮ್ಮ ನಂಬಿಕೆಯಲ್ಲಿ. ಆ ನಂಬಿಕೆಯನ್ನು ನಾಣ್ಯದ ಮುಖವೇ ಕೆಡಿಸಿದ್ದು ಇದು ಮೊದಲ ಸಲ ಅಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. ಹೂಲಿಯಿಂದಲೇ ಶುರು ಮಾಡೋಣ. ಯಲ್ಲಮ್ಮನ ಗುಡ್ಡಕ್ಕೆ ಹೋಗೋ ಲಕ್ಷಾಂತರ ಜನರಲ್ಲಿ ಹತ್ತಿರದ ಹೂಲಿಗೆ ತಿರುಗೋರು ಕಡಿಮೆ. ಅಲ್ಲಿರೋ ಪಂಚಲಿಂಗೇಶ್ವರ ಗುಡಿ ಕಲ್ಯಾಣದ ಚಾಲುಕ್ಯರ ಕಾಲದ್ದು. ಶಾಸನಗಳಲ್ಲಿ ಊರಿನ ಹೆಸರು ಪೂಲಿ. ಆ ಕಾಲದ ನಮ್ಮ ಸೀಮೆಯ ಶಾಸನಗಳಲ್ಲಿ ದಾನ, ಸುಂಕ, ದಂಡ ಎಲ್ಲದರ ಲೆಕ್ಕ ಗದ್ಯಾಣ, ಪಣ, ಹಾಗ, ವೀಸಗಳಲ್ಲಿ ಬರುತ್ತೆ. ಗದಗ ಹತ್ತಿರದ ಲಕ್ಕುಂಡಿಯಲ್ಲಿ ಟಂಕಸಾಲೆ ಇತ್ತು. ಆಗ ಅದು ಲೊಕ್ಕಿಗುಂಡಿ. ಅಲ್ಲಿ ಅಚ್ಚಾದ ಹೊನ್ನಿಗೆ ಲೊಕ್ಕಿ ಗದ್ಯಾಣ ಅಂತಲೇ ಹೆಸರು. ಎಲ್ಲಿ ತಯಾರಾಯಿತು ಅನ್ನೋದೇ ಅದರ ಗ್ಯಾರಂಟಿ. ಆಗ ನಾಣ್ಯ ಚಂದ ಇದೆಯೋ ಇಲ್ಲವೋ ಅಂತ ಯಾರೂ ಕೇಳ್ತಿರಲಿಲ್ಲ. ತೂಕ ಸರಿ ಇದೆಯಾ, ಬಂಗಾರ ಶುದ್ಧ ಇದೆಯಾ, ಮುದ್ರೆ ಗುರುತು ಸಿಗುತ್ತಾ? ಇಷ್ಟೇ ಪ್ರಶ್ನೆ.

ಮುದ್ರೆ ಗುರುತು ಸಿಗಬೇಕು ಅನ್ನೋದನ್ನ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದ ಒಬ್ಬ ಆಡಳಿತಗಾರ ನಮ್ಮ ರಾಜ್ಯದಲ್ಲೇ ಇದ್ದ. ಹೈದರಾಲಿ. ಅಧಿಕಾರಕ್ಕೆ ಬಂದ ಮೇಲೆ ಅವನು ಹೊರಡಿಸಿದ ಚಿನ್ನದ ವರಹದ ಒಂದು ಬದಿಯಲ್ಲಿ ಶಿವ ಪಾರ್ವತಿಯರ ಚಿತ್ರ ಹಾಗೇ ಉಳಿಯಿತು. ಇನ್ನೊಂದು ಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನ ಪರ್ಷಿಯನ್ ಲಿಪಿಯಲ್ಲಿ ಹಾಕಿಸಿದ. ಅಷ್ಟೇ. ವಿಜಯನಗರದ ಕಾಲದಿಂದ, ಇಕ್ಕೇರಿ ನಾಯಕರ ಕಾಲದಿಂದ ಜನ ನಂಬಿಕೊಂಡು ಬಂದಿದ್ದ ಮುಖ ಅದು. ವ್ಯಾಪಾರಿ ಕೈಗೆ ಬಂದ ಕೂಡಲೇ ಇದು ವರಹ ಅಂತ ಗೊತ್ತಾಗಬೇಕು. ಅದನ್ನ ಬದಲಿಸೋದು ಲಾಭದ ಕೆಲಸ ಅಲ್ಲ ಅಂತ ಹೈದರನಿಗೆ ಗೊತ್ತಿತ್ತು.

ಬ್ರಿಟಿಷರಿಗೆ ಈ ಪಾಠ ಸಿಕ್ಕಿದ್ದು 1911ರಲ್ಲಿ. ಆಗ ಹೂಲಿ, ಸವದತ್ತಿ ಎಲ್ಲ ಬೆಳಗಾವಿ ಜಿಲ್ಲೆಯ ಪರಸಗಡ ತಾಲೂಕು, ಮುಂಬೈ ಪ್ರಾಂತ್ಯ. ಏಳನೇ ಎಡ್ವರ್ಡ್ 1910ರಲ್ಲಿ ತೀರಿಕೊಂಡಿದ್ದ. ಮಗ ಐದನೇ ಜಾರ್ಜ್ ಪಟ್ಟಕ್ಕೆ ಬಂದ. ಹೊಸ ರಾಜ ಅಂದಮೇಲೆ ಹೊಸ ರೂಪಾಯಿ. ಮುಂಬೈ ಮತ್ತು ಕಲ್ಕತ್ತಾ ಟಂಕಸಾಲೆಗಳಲ್ಲಿ ಅಚ್ಚು ಶುರುವಾಯಿತು. 11.66 ಗ್ರಾಂ ತೂಕ, ನೂರಕ್ಕೆ ಸುಮಾರು 92 ಪಾಲು ಬೆಳ್ಳಿ. ತೂಕದಲ್ಲಿ ಮೋಸ ಇಲ್ಲ, ಲೋಹದಲ್ಲಿ ಕಲಬೆರಕೆ ಇಲ್ಲ.

ಸಮಸ್ಯೆ ಇದ್ದದ್ದು ರಾಜನ ನಿಲುವಂಗಿಯ ಮೇಲೆ. ಅದರ ಮೇಲೆ 'ಆರ್ಡರ್ ಆಫ್ ದಿ ಇಂಡಿಯನ್ ಎಂಪೈರ್' ಅನ್ನೋ ಪದವಿಯ ಹಾರ. ಆ ಹಾರದಲ್ಲಿ ಒಂದು ಪುಟ್ಟ ಆನೆ. ಭಾರತಕ್ಕೆ ಗೌರವ ಅಂತ ಹಾಕಿದ್ದು. ಆದರೆ ಅಚ್ಚಿನಲ್ಲಿ ಸೊಂಡಿಲು ಮೊಂಡಾಗಿ ಬಂತು. ಜನ ನೋಡಿದರು. ಆನೆ ಕಾಣಲಿಲ್ಲ. ಹಂದಿ ಕಂಡಿತು!

ಆನೆ ಅಂದರೆ ಗೊತ್ತಿಲ್ಲದ ಜನ ಅಲ್ಲ ನಾವು. ಮೈಸೂರಿನಲ್ಲಿ ಒಡೆಯರ ಕಾಲದ ತಾಮ್ರದ ನಾಣ್ಯಕ್ಕೆ ಆನೆಕಾಸು ಅಂತಲೇ ಹೆಸರು. ಟಿಪ್ಪುವಿನ ತಾಮ್ರದ ಪೈಸೆಯ ಮೇಲೂ ಆನೆಯೇ. ಆನೆ ಹೇಗಿರುತ್ತೆ ಅಂತ ಈ ದೇಶಕ್ಕೆ ಲಂಡನ್ನಿನಿಂದ ಹೇಳಿಸಿಕೊಳ್ಳೋ ಅಗತ್ಯ ಇರಲಿಲ್ಲ. ಮುಸ್ಲಿಮರಿಗೆ ಹಂದಿ ಹರಾಮ್, ಬಹಳಷ್ಟು ಹಿಂದೂಗಳಿಗೂ ಅದು ಮುಟ್ಟಬಾರದ ಪ್ರಾಣಿ. ಅಂಥದ್ದನ್ನ ರಾಜ ಎದೆಯ ಮೇಲೆ ಹಾಕಿಕೊಂಡು, ನಮ್ಮ ಕೈಗೆ ಬೇರೆ ಕೊಡ್ತಾನಾ? 'ಹಂದಿ ರೂಪಾಯಿ' ಅನ್ನೋ ಹೆಸರು ಬಿತ್ತು.

ಸರ್ಕಾರ ಆಗ ಇದು ಆನೆಯೇ, ಸರಿಯಾಗಿ ನೋಡಿ ಅಂತ ವಾದ ಮಾಡುತ್ತಾ ಕೂರಲಿಲ್ಲ. 1857ರಲ್ಲಿ ತೋಟಾಕ್ಕೆ ಹಂದಿ ಮತ್ತು ಹಸುವಿನ ಕೊಬ್ಬು ಸವರಿದ್ದಾರೆ ಅನ್ನೋ ಸುದ್ದಿ ಏನು ಮಾಡಿತ್ತು ಅನ್ನೋದು ಆ ಆಡಳಿತಕ್ಕೆ ಮರೆಯುವ ವಿಷಯ ಅಲ್ಲ. ಎರಡೂ ಟಂಕಸಾಲೆ ಸೇರಿ ಅಚ್ಚು ಹಾಕಿದ್ದು ಸುಮಾರು 94 ಲಕ್ಷ ರೂಪಾಯಿ ನಾಣ್ಯ. ಹೊರಗೆ ಬಿಟ್ಟಿದ್ದು ಸುಮಾರು 7 ಲಕ್ಷ ಮಾತ್ರ. ಅದರಲ್ಲೂ ಬಹಳಷ್ಟನ್ನು ವಾಪಸ್ ತರಿಸಿ, ಉಳಿದವುಗಳ ಜೊತೆ ಕರಗಿಸಿದರು. 1912ರ ರೂಪಾಯಿಯಲ್ಲಿ ಆನೆಯನ್ನ ತಿದ್ದಿ ಕೂರಿಸಿದರು. ಅಲ್ಲಿಗೆ ಗಲಾಟೆ ಮುಗಿಯಿತು. ಅಂದು ಯಾರಿಗೂ ಬೇಡವಾಗಿದ್ದ 1911ರ ರೂಪಾಯಿಯನ್ನ ಇವತ್ತು ಸಂಗ್ರಾಹಕರು ಹುಡುಕಿಕೊಂಡು ಹೋಗಿ ಕೊಳ್ತಾರೆ. ಅದು ಬೇರೆ ಮಾತು.

ಈಗ ಸ್ವತಂತ್ರ ಭಾರತಕ್ಕೆ ಬನ್ನಿ. ನಾನು ಓದಿದ್ದು ಎಂಜಿನಿಯರಿಂಗ್. ಮೈಕಿನ ಮುಂದೆ ಕೂರೋ ಮೊದಲು ವರ್ನಿಯರ್ ಕ್ಯಾಲಿಪರ್ ಹಿಡಿದವನು. ಹಾಗಾಗಿ ಅಳತೆಯ ಮಾತು ಬಂದರೆ ಸುಮ್ಮನಿರೋಕಾಗಲ್ಲ.

1957ರ ಏಪ್ರಿಲ್ 1ರಂದು ಆಣೆ ಪೈಗಳ ಲೆಕ್ಕ ಹೋಗಿ ರೂಪಾಯಿಗೆ ನೂರು ನಯಾ ಪೈಸೆ ಬಂತು. ಹದಿನಾರಾಣೆ ಲೆಕ್ಕದಲ್ಲಿ ಬದುಕಿದ್ದ ದೇಶ ಅದು. ಗೊಂದಲ ಆಗದೇ ಇರುತ್ತಾ? ಅದಕ್ಕೇ ನಾಣ್ಯದ ಮೇಲೆ, ಇದು ರೂಪಾಯಿಯ ಇಷ್ಟನೇ ಒಂದು ಭಾಗ ಅಂತ ಹಿಂದಿಯಲ್ಲಿ ಬರೆದೇ ಹಾಕಿದರು. ಅದಕ್ಕಿಂತ ಮುಖ್ಯ, ಆಕಾರ. ಐದು ಪೈಸೆ ಚೌಕ. ಹತ್ತು ಪೈಸೆಗೆ ಹೂವಿನ ಎಸಳಿನಂಥ ಅಂಚು. ಮುಂದೆ ಬಂದ ಇಪ್ಪತ್ತು ಪೈಸೆಗೆ ಆರು ಮೂಲೆ. ಕರೆಂಟು ಹೋದಾಗಲೂ ಅಜ್ಜಿ ಕತ್ತಲಲ್ಲಿ ಬೆರಳಾಡಿಸಿ ಚಿಲ್ಲರೆ ಎಣಿಸಿ ಕೊಡ್ತಿದ್ದಳು. ಹಳೆಯ ಎರಡು ರೂಪಾಯಿ ನಾಣ್ಯ ನೆನಪಿದೆಯಾ? ಹನ್ನೊಂದು ಮೂಲೆ, ಭಾರತದ ನಕ್ಷೆ. ಜೇಬಿಗೆ ಕೈ ಹಾಕಿದರೆ ಸಾಕು, ನೋಡೋದೇ ಬೇಡ.

2005ರ ಇಸವಿ ಹೊತ್ತ ಹೊಸ ಎರಡು ರೂಪಾಯಿ ಬಂತು. ಸ್ಟೀಲು, ಪೂರ್ತಿ ದುಂಡು, ನುಣ್ಣಗೆ. ಮೇಲೆ ಅಡ್ಡ ಗೆರೆ, ಉದ್ದ ಗೆರೆ, ನಡುವೆ ನಾಲ್ಕು ಚುಕ್ಕೆ. ವಿವಿಧತೆಯಲ್ಲಿ ಏಕತೆ ಅಂತ ಸರ್ಕಾರದ ವಿವರಣೆ. ನಾಲ್ಕು ದಿಕ್ಕಿನ ಜನ ಒಂದಾಗಿದ್ದಾರೆ ಅಂತ. ಆದರೆ ಕೆಲವರಿಗೆ ಕಂಡಿದ್ದು ಶಿಲುಬೆ. ಕೆಲವು ಸಂಘಟನೆಗಳು ವಿರೋಧ ಮಾಡಿದವು. ಅತ್ತ ದೃಷ್ಟಿ ಇಲ್ಲದವರು ಬೇರೆಯೇ ದೂರು ಹೇಳಿದರು: ಇದು ಎರಡು ರೂಪಾಯಿ ಅಂತ ನಮ್ಮ ಬೆರಳಿಗೆ ಗೊತ್ತಾಗ್ತಿಲ್ಲ. ಟಿವಿ ಚರ್ಚೆಗೆ ಮೊದಲನೆಯದು ಮಸಾಲೆ. ನನ್ನ ಪ್ರಕಾರ ನಿಜವಾದ ತಪ್ಪು ಎರಡನೆಯದು. ಚಿತ್ರದಲ್ಲಿ ಏನು ಕಾಣುತ್ತೆ ಅನ್ನೋದು ನೋಡುವವರ ಮೇಲಿದೆ. ಮೂಲೆ ಇಲ್ಲದ ನಾಣ್ಯಕ್ಕೆ ಮೂಲೆ ಇಲ್ಲ, ಅಷ್ಟೇ.

2007ರಲ್ಲಿ ನೃತ್ಯದ ಹಸ್ತಮುದ್ರೆಗಳ ಸರಣಿ ಬಂತು. ಒಂದು ರೂಪಾಯಿಗೆ ಹೆಬ್ಬೆರಳು, ಎರಡು ರೂಪಾಯಿಗೆ ಎರಡು ಬೆರಳು. ಯೋಚನೆ ಚೆನ್ನಾಗಿತ್ತು, ಅಕ್ಷರ ಬಾರದವರಿಗೂ ಬೆರಳು ಎಣಿಸೋಕೆ ಬರುತ್ತೆ. ಆದರೆ 2011ರಲ್ಲಿ ಅದನ್ನೂ ಬಿಟ್ಟರು. ಹೊಸ ರೂಪಾಯಿ ಚಿಹ್ನೆಯ ಸರಣಿ ಬಂತು. ಆಗ ಆದ ಎಡವಟ್ಟು ಕೇಳಿ. 1992ರಿಂದ ಚಲಾವಣೆಯಲ್ಲಿದ್ದ ಸ್ಟೀಲಿನ ಒಂದು ರೂಪಾಯಿ 25 ಮಿಲಿಮೀಟರ್ ಅಗಲ, 4.85 ಗ್ರಾಂ ತೂಕ. 2011ರ ಹೊಸ ಎರಡು ರೂಪಾಯಿ ಎಷ್ಟು? 25 ಮಿಲಿಮೀಟರ್, 4.85 ಗ್ರಾಂ! ಹೊಸ ಒಂದು ರೂಪಾಯಿಯೋ, ಸುಮಾರು 22 ಮಿಲಿಮೀಟರ್, 3.79 ಗ್ರಾಂ. ಅದು ಹಳೆಯ ಸ್ಟೀಲಿನ ಎಂಟಾಣೆಯ ಅಳತೆ. ಅಂದರೆ ಒಬ್ಬೊಬ್ಬರೂ ಒಂದೊಂದು ಮೆಟ್ಟಿಲು ಕೆಳಗಿಳಿದು, ಕೆಳಗಿನವನ ಅಂಗಿ ಹಾಕಿಕೊಂಡರು. ಹಳೆಯವೂ ಚಲಾವಣೆಯಲ್ಲೇ ಇದ್ದವು. ಚಿಲ್ಲರೆ ಎಣಿಸೋಕೆ ಕನ್ನಡಕ ಹುಡುಕೋ ಕಾಲ ಬಂತು.

ಅಮೆರಿಕದವರೂ ಇದೇ ತಪ್ಪು ಮಾಡಿದ್ದರು. 1979ರಲ್ಲಿ ಮಹಿಳೆಯರ ಮತದಾನದ ಹಕ್ಕಿಗೆ ಹೋರಾಡಿದ ಸೂಸನ್ ಬಿ. ಆಂಥನಿಯ ಚಿತ್ರ ಇರೋ ಡಾಲರ್ ನಾಣ್ಯ ತಂದರು. ಅಗಲ 26.5 ಮಿಲಿಮೀಟರ್. ಅವರ ಕಾಲು ಡಾಲರ್ ಸುಮಾರು 24.3. ಬಣ್ಣವೂ ಒಂದೇ, ದುಂಡೂ ಒಂದೇ. ಒಂದು ಡಾಲರ್ ಕೊಡೋ ಕಡೆ ಕಾಲು, ಕಾಲು ಕೊಡೋ ಕಡೆ ಒಂದು. ಜನ ಮುಟ್ಟೋದನ್ನೇ ಬಿಟ್ಟರು. ಆ ಮಹಿಳೆಯ ಮೇಲೆ ಯಾರಿಗೂ ಕೋಪ ಇರಲಿಲ್ಲ, ಕೋಪ ಇದ್ದದ್ದು ಆ ಎರಡು ಮಿಲಿಮೀಟರ್ ಮೇಲೆ.

ಈಗ ನಮ್ಮ ಹತ್ತು ರೂಪಾಯಿಗೆ ಬರೋಣ. 2009ರಲ್ಲಿ ಚಲಾವಣೆಗೆ ಬಂದ, ಎರಡು ಲೋಹದ ನಾಣ್ಯ. ನಡುವೆ ಬೆಳ್ಳಿ ಬಣ್ಣ, ಸುತ್ತ ಬಂಗಾರದ ಬಣ್ಣದ ಬಳೆ. ತಯಾರಿಕೆಯ ದೃಷ್ಟಿಯಿಂದ ಒಳ್ಳೆಯ ಕೆಲಸ, ಕೈಗೂ ಕಣ್ಣಿಗೂ ಬೇರೆ ಅಂತ ಗೊತ್ತಾಗುತ್ತೆ. ಹಾಳಾಗಿದ್ದು ಎಲ್ಲಿ? ಮುಖಗಳ ಸಂಖ್ಯೆಯಲ್ಲಿ. ಮೊದಲು ನಾಲ್ಕು ಚುಕ್ಕೆಯ ವಿನ್ಯಾಸ. ಆಮೇಲೆ ಹದಿನೈದು ಕಿರಣ. 2011ರಿಂದ ಹತ್ತು ಕಿರಣ, ಜೊತೆಗೆ ರೂಪಾಯಿ ಚಿಹ್ನೆ. ನಡುನಡುವೆ ಸಂಸತ್ತಿಗೆ ಅರವತ್ತು ವರ್ಷ, ವೈಷ್ಣೋದೇವಿ, ಅಂಬೇಡ್ಕರ್, ಯೋಗ ದಿನ. 2018ರ ಹೊತ್ತಿಗೆ ಒಟ್ಟು 14 ವಿನ್ಯಾಸ. ಗೌರವಿಸಿದ್ದು ದೊಡ್ಡವರನ್ನೇ, ದೊಡ್ಡ ಸಂದರ್ಭಗಳನ್ನೇ. ಆದರೆ ಸಂತೆಯಲ್ಲಿ ಕೂತ ಹೆಣ್ಣುಮಗಳಿಗೆ ಒಂದೇ ಬೆಲೆಯ ನಾಣ್ಯ 14 ಮುಖ ತೋರಿಸಿದರೆ ಅವಳು ಯಾವುದನ್ನ ನಂಬಬೇಕು? ಹತ್ತು ಗೆರೆಯದ್ದು ಅಸಲಿ, ಹದಿನೈದು ಗೆರೆಯದ್ದು ನಕಲಿ ಅಂತ ಯಾರೋ ಮೊಬೈಲಿನಲ್ಲಿ ಹಾಕಿದರು. ಹರಡಿತು.

ರಿಸರ್ವ್ ಬ್ಯಾಂಕ್ 2016ರ ನವೆಂಬರ್‌ನಲ್ಲಿ, ನೋಟು ರದ್ದಾದ ಆ ಗಡಿಬಿಡಿಯ ದಿನಗಳಲ್ಲೇ, ಎರಡೂ ಅಸಲಿ ಅಂತ ಹೇಳಿತು. 2018ರ ಜನವರಿ 17ರಂದು 14 ವಿನ್ಯಾಸಗಳೂ ಸಿಂಧು ಅಂತ ಮತ್ತೆ ಪ್ರಕಟಣೆ ಕೊಟ್ಟಿತು. 14440 ಅನ್ನೋ ಉಚಿತ ಫೋನ್ ನಂಬರೂ ಕೊಟ್ಟಿತು. 2011ರ ನಾಣ್ಯ ಕಾಯ್ದೆ ಕೂಡ ಸ್ಪಷ್ಟ ಇದೆ. ಒಂದು ರೂಪಾಯಿ ಮತ್ತು ಅದಕ್ಕಿಂತ ದೊಡ್ಡ ನಾಣ್ಯಗಳು ಒಂದು ಸಾವಿರ ರೂಪಾಯಿ ಮೊತ್ತದವರೆಗೆ ಕಾನೂನುಬದ್ಧ ಹಣ. ಆದರೆ ಪ್ರಕಟಣೆ ಬಂದಿದ್ದು ಮುಂಬೈಯಿಂದ, ಪೇಪರಿನ ಭಾಷೆಯಲ್ಲಿ. ವದಂತಿ ಬಂದಿದ್ದು ಪಕ್ಕದ ಅಂಗಡಿಯಿಂದ, ನಮ್ಮ ಭಾಷೆಯಲ್ಲಿ. ಯಾವುದು ಗೆಲ್ಲುತ್ತೆ ಹೇಳಿ?

ಇದರಲ್ಲಿ ಸೋತವರು ಯಾರು ನೋಡಿ. ನಾನಲ್ಲ, ನಾನು ಫೋನಿನಲ್ಲೇ ದುಡ್ಡು ಕೊಡ್ತೀನಿ. ಸೋತದ್ದು ದಿನದ ದುಡಿಮೆ ನಾಣ್ಯದಲ್ಲೇ ಕೈಗೆ ಬರೋರು. ಮೆಂತ್ಯದ ಸೂಡು ಮಾರೋಳು, ಗುಡ್ಡದ ಮೇಲೆ ಕುಂಕುಮ ಭಂಡಾರ ಮಾರೋಳು. ಇಪ್ಪತ್ತು ನಾಣ್ಯ ಗಂಟಿನಲ್ಲಿದ್ದೂ ಬಸ್ಸಿಗೆ, ಎಣ್ಣೆಗೆ, ಔಷಧಿಗೆ ನಡೆಯಲ್ಲ ಅಂದರೆ ಅದು ಇನ್ನೂರು ರೂಪಾಯಿ ಅಲ್ಲ, ಇಪ್ಪತ್ತು ಬಿಲ್ಲೆ ಲೋಹ.

ಪಾಠ ಕಲಿತೇ ಇಲ್ಲ ಅಂತಲ್ಲ. 2019ರ ಮಾರ್ಚ್‌ನಲ್ಲಿ ದೃಷ್ಟಿ ಇಲ್ಲದವರಿಗೂ ಗುರುತು ಸಿಗೋ ಹಾಗೆ ಹೊಸ ಸರಣಿ ಬಿಡುಗಡೆ ಆಯಿತು. ಅದರಲ್ಲಿನ ಇಪ್ಪತ್ತು ರೂಪಾಯಿಗೆ ಹನ್ನೆರಡು ಮೂಲೆ. ಅಂದರೆ 1957ರಲ್ಲಿ ಗೊತ್ತಿದ್ದ ಪಾಠ ಮತ್ತೆ ನೆನಪಾಯಿತು.

ಹಾಗಾಗಿ ಎರಡು ಮಾತು. ಒಂದು ಸರ್ಕಾರಕ್ಕೆ. ಗಣ್ಯರನ್ನ ಸ್ಮರಿಸೋ ನಾಣ್ಯ ಧಾರಾಳ ಮಾಡಿ, ಸಂಗ್ರಾಹಕರಿಗೆ ಬೇರೆ ಮಾರಿ. ಸಂತೆಗೆ ಬರೋ ನಾಣ್ಯಕ್ಕೆ ಮಾತ್ರ ಒಂದೇ ಮುಖ ಕೊಡಿ, ಒಂದು ತಲೆಮಾರಾದರೂ ಅದನ್ನ ಬದಲಿಸಬೇಡಿ. ಬದಲಿಸಲೇಬೇಕು ಅಂದರೆ ಗ್ರಾಮ ಪಂಚಾಯಿತಿ ಗೋಡೆಯ ಮೇಲೆ ಕನ್ನಡದಲ್ಲಿ ಚಿತ್ರ ಸಮೇತ ಅಂಟಿಸಿ. ಇನ್ನೊಂದು ನಮಗೆ. ನಾಳೆ ಯಾರಾದರೂ ಹತ್ತರ ನಾಣ್ಯ ಕೊಟ್ಟರೆ ಗೆರೆ ಎಣಿಸಬೇಡಿ, ತಗೊಳ್ಳಿ. ಆ ಅಂಗಡಿಯ ಹುಡುಗ ಕೇಳಿದ್ದು ಮುಂದೆ ಯಾರು ತಗೋತಾರೆ ಅಂತ. ಆ ಮುಂದಿನವರು ನಾವೇ.