ಗಾಣವಿಲ್ಲದವರ ನಂದಾದೀವಿಗೆ

ನಾನು ಹುಟ್ಟಿ ಬೆಳೆದ ಹಿಟ್ನಾಳ ಕೊಪ್ಪಳಕ್ಕೂ ಹೊಸಪೇಟೆಗೂ ನಡುವಿನ ಊರು. ಅಲ್ಲಿಂದ ಕೆಲವೇ ಮೈಲಿಗಳ ಅಂತರದಲ್ಲಿ ಮುನಿರಾಬಾದ್. ಅಲ್ಲಿ ತುಂಗಭದ್ರೆಗೆ ಕಟ್ಟಿದ ಅಣೆಕಟ್ಟು. 1945ರಲ್ಲಿ ಈ ದಡದಲ್ಲಿ ಹೈದರಾಬಾದ್ ಸಂಸ್ಥಾನದವರೂ ಆ ದಡದಲ್ಲಿ ಮದ್ರಾಸ್ ಸರ್ಕಾರದವರೂ ಅಡಿಗಲ್ಲಿಟ್ಟು ಆರಂಭಿಸಿದ ಈ ಕಟ್ಟಡದಿಂದ 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. 1962ರಲ್ಲಿ ಎಡದಂಡೆಯ ವಿದ್ಯುದಾಗಾರ ಕೆಲಸ ತೊಡಗಿತು. ನಾನು ಹುಟ್ಟಿದ್ದು ಅದಕ್ಕೆ ಎರಡು ವರ್ಷ ಮೊದಲು. ಹೀಗಾಗಿ ನಾನೂ ಆ ವಿದ್ಯುದಾಗಾರವೂ ಹೆಚ್ಚುಕಡಿಮೆ ಒಂದೇ ವಾರಗೆಯವರು.

ಆದರೆ ನಮ್ಮ ಮನೆಯಲ್ಲಿ ನಾನು ಅಕ್ಷರ ಕಲಿತದ್ದು ಚಿಮಣಿ ದೀಪದಲ್ಲಿ. ಹೊಲಕ್ಕೆ ಹೋಗುವಾಗ ತಲೆಯ ಮೇಲೆ ದಪ್ಪ ತಂತಿಗಳು ಕಂಬದಿಂದ ಕಂಬಕ್ಕೆ ಜೋಲುತ್ತ ಸಾಗಿದ್ದುವು. ಒಮ್ಮೆ ತಂದೆಯವರನ್ನು ಕೇಳಿದೆ: “ಅಪ್ಪಾ, ಆ ತಂತ್ಯಾಗ ಕರೆಂಟ್ ಹೊಂಟೈತಂತ. ನಮ್ಮ ಮನಿಗೆ ಯಾಕ ಬರವಲ್ದು?” ಅವರು ತಲೆಯೆತ್ತಿಯೂ ನೋಡದೆ, “ಅದು ನಮ್ಮದಲ್ಲಪಾ, ದಾರಿ ಹಿಡದು ಹೊಂಟದ್ದು” ಎಂದರು. ಮನೆಗೆ ವಿದ್ಯುದ್ದೀಪ ಬಂದ ಮೇಲೂ ಆ ಮಾತು ನನ್ನ ಮನಸ್ಸಿನಿಂದ ಹೋಗಲಿಲ್ಲ.

ಅದು ಮತ್ತೆ ಕಿವಿಯಲ್ಲಿ ಮೊಳಗಿದ್ದು ನಿವೃತ್ತನಾದ ಮೇಲೆ, ಒಂದು ಬೇಸಗೆಯಲ್ಲಿ. ನಮ್ಮ ಸೀಮೆಯದೇ ಒಂದು ಪಂಚಾಯಿತಿ, ಹೆಸರು ಬೇಡ. ಬಾಕಿ ಕಟ್ಟಿಲ್ಲವೆಂದು ಕುಡಿಯುವ ನೀರಿನ ಪಂಪಿನ ಸಂಪರ್ಕ ಕಡಿದಿತ್ತು. ಯಾವುದೋ ಸಮಾರಂಭಕ್ಕೆ ಹೋಗಿದ್ದ ನನ್ನನ್ನು ಪಂಚಾಯಿತಿಯ ಅಧ್ಯಕ್ಷೆ ತಡೆದು ನಿಲ್ಲಿಸಿದರು: “ಸರ, ಬೋರು ನಮ್ಮದು, ಟಾಕಿ ನಮ್ಮದು, ನೀರೂ ನಮ್ಮದು. ಕರೆಂಟ್ ಒಂದು ನಮ್ಮ ಕೈಯಾಗಿಲ್ಲ. ನಾವೇನು ಮಾಡೂಣ್ರಿ?” ಅವರ ಹಿಂದೆ ಖಾಲಿ ಕೊಡಗಳ ಸಾಲಿತ್ತು. ಆ ಹೊತ್ತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ನನ್ನ ವಿದ್ಯೆ ಕನ್ನಡದ್ದು, ಇಂಜಿನಿಯರಿಂಗಿನದಲ್ಲ. ಆದರೂ ಆ ತಾಯಿಗೆ ಕೊಡಬೇಕಾಗಿದ್ದ ಉತ್ತರವನ್ನು ನನಗೆ ಪರಿಚಿತವಾದ ಹಾದಿಯಲ್ಲೇ, ಎಂದರೆ ಶಾಸನಗಳ ಹಾದಿಯಲ್ಲೇ ಹುಡುಕಿದೆ.

ಕೊಪ್ಪಳವೆಂದರೆ ಹಳೆಯ ಕೊಪಣ. ಕವಿರಾಜಮಾರ್ಗಕಾರನು ತಿರುಳ್ಗನ್ನಡದ ಸೀಮೆಯನ್ನು ಗುರುತಿಸುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಒಂದು. ಇದೇ ಜಿಲ್ಲೆಯ ಇಟಗಿಯಲ್ಲಿ, ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ದೇವಾಲಯವಿದೆ. ಆ ಕಾಲದ ದಾನಶಾಸನಗಳನ್ನು ಓದಿದವರಿಗೆ ‘ನಂದಾದೀವಿಗೆ’ ಎಂಬ ಪದ ಮತ್ತೆ ಮತ್ತೆ ಎದುರಾಗುತ್ತದೆ. ದೇವರ ಮುಂದೆ ಹಗಲಿರುಳೂ ಆರದೆ ಉರಿಯಬೇಕಾದ ದೀಪ ಅದು. ಅದಕ್ಕೆ ಎಣ್ಣೆ ಬೇಕು. ಎಣ್ಣೆಗೆ ಗಾಣ ಬೇಕು. ಗಾಣವಿರುವುದು ತೆಲ್ಲಿಗರ ಬಳಿ, ದೇವಾಲಯದ ಬಳಿಯಲ್ಲ. ಹಾಗೆಂದು ದೀಪ ಕಟ್ಟಿಸಲು ಹೊರಟವನು ಗಾಣವನ್ನು ಕಿತ್ತುಕೊಳ್ಳಲಿಲ್ಲ, ಗಾಣಿಗನಾಗಲೂ ಇಲ್ಲ. ಒಂದಿಷ್ಟು ಗದ್ಯಾಣವನ್ನು ಮೂಲಧನವಾಗಿ ಒಪ್ಪಿಸಿದ. ಅದರ ಬಡ್ಡಿಯಿಂದ ಇಷ್ಟು ಎಣ್ಣೆ ನಡೆಯಬೇಕೆಂದು ನಿಯಮಿಸಿದ. ಇಲ್ಲವೆ ಗಾಣಕ್ಕಿಷ್ಟು ಎಣ್ಣೆಯೆಂದು ತೆಲ್ಲಿಗರೇ ಕೂಡಿ ಬಿಟ್ಟುಕೊಟ್ಟರು. ಊರ ಹಿರಿಯರ ಸಮಕ್ಷಮದಲ್ಲಿ ಅದನ್ನು ಕಲ್ಲಿನಲ್ಲಿ ಕಂಡರಿಸಿದರು. ತಪ್ಪಿದವರಿಗೆ ಕೊನೆಯಲ್ಲಿ ಶಾಪವನ್ನೂ ಬರೆಸಿದರು.

ಇಲ್ಲಿ ಗಮನಿಸಬೇಕಾದವು ಮೂರು ಸಂಗತಿಗಳು: ಕೈಯಲ್ಲಿ ಒಂದು ಮೂಲಧನ, ಎಲ್ಲರ ಎದುರಿಗೆ ಬರೆದ ಒಂದು ಕರಾರು, ಅದನ್ನು ನಡೆಸಿಕೊಂಡು ಹೋಗುವ ಒಂದು ಸಮೂಹ. ಈ ಮೂರೂ ಇದ್ದಲ್ಲಿ ಗಾಣವಿಲ್ಲದವರ ದೀಪವೂ ಉರಿಯಿತು. ಒಂದು ಕಳಚಿದಲ್ಲಿ ಆರಿತು.

ನಮ್ಮ ಕಾಲದ ಗಾಣದ ಕಥೆಗೆ ಬರೋಣ. ಮೈಸೂರು ಸಂಸ್ಥಾನದ ಶಿವನಸಮುದ್ರದಿಂದ 1902ರಲ್ಲಿ ಹೊರಟ ವಿದ್ಯುತ್ತು ಮೊದಲು ಮುಟ್ಟಿದ್ದು ಕೋಲಾರದ ಚಿನ್ನದ ಗಣಿಯನ್ನು. ಬೆಂಗಳೂರಿನ ಬೀದಿಗಳಿಗೆ ಬಂದದ್ದು 1905ರಲ್ಲಿ. ಸ್ವಾತಂತ್ರ್ಯ ಬಂದ ಮೇಲೆ 1948ರ ಕಾಯಿದೆಯು ರಾಜ್ಯಕ್ಕೊಂದು ವಿದ್ಯುತ್ ಮಂಡಲಿಯಿರಬೇಕೆಂದು ವಿಧಿಸಿತು. ನಮ್ಮಲ್ಲಿ ಅದು 1957ರಲ್ಲಿ ಸ್ಥಾಪಿತವಾಯಿತು. ಹಳ್ಳಿಹಳ್ಳಿಗೂ ಕಂಬ ನೆಟ್ಟ ಕೀರ್ತಿ ಮಂಡಲಿಗೆ ಸಲ್ಲಲೇಬೇಕು. ಅದರೊಡನೆ ದೀಪದ ಮೇಲಿನ ಎಲ್ಲ ತೀರ್ಮಾನಗಳೂ ಊರಿನಿಂದ ದೂರವಾದುವೆಂಬುದೂ ನಿಜ. 1999ರಲ್ಲಿ ಮಂಡಲಿ ನಿಗಮವಾಯಿತು. 2002ರಲ್ಲಿ ವಿತರಣೆಯ ಕೆಲಸ ಬೇರೆ ಬೇರೆ ಕಂಪನಿಗಳಿಗೆ ಹಂಚಿಹೋಗಿ, ನಮ್ಮ ಜಿಲ್ಲೆ ಗುಲ್ಬರ್ಗದ ಕಂಪನಿಯ ಪಾಲಿಗೆ ಬಂತು. ಊರವರೇ ವಿತರಣೆಯನ್ನು ಕೈಯಲ್ಲಿಟ್ಟುಕೊಂಡ ಉದಾಹರಣೆ ನಮ್ಮ ರಾಜ್ಯದಲ್ಲಿ 1969ರಲ್ಲಿ ಹುಟ್ಟಿದ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘವೊಂದೇ. ಎಲ್ಲ ಊರೂ ಹುಕ್ಕೇರಿಯಾಗುವುದು ಸಾಧ್ಯವಿಲ್ಲ.

ಇಲ್ಲೊಂದು ವಿಚಿತ್ರವಿದೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ ಎಪ್ಪತ್ತಮೂರನೆಯ ತಿದ್ದುಪಡಿಯು ಪಂಚಾಯಿತಿಗಳಿಗೆ ವಹಿಸಬಹುದಾದ ಇಪ್ಪತ್ತೊಂಬತ್ತು ವಿಷಯಗಳ ಪಟ್ಟಿಯೊಂದನ್ನು ಕೊಟ್ಟಿತು. ಅದರಲ್ಲಿ ಹದಿನಾಲ್ಕನೆಯದು ವಿತರಣೆಯೂ ಸೇರಿದ ಗ್ರಾಮೀಣ ವಿದ್ಯುದೀಕರಣ. ಹದಿನೈದನೆಯದು ಅಸಾಂಪ್ರದಾಯಿಕ ಶಕ್ತಿಮೂಲಗಳು. ಅಧ್ಯಕ್ಷೆಯ ಕೈಯಲ್ಲಿಲ್ಲವೆಂದುಕೊಂಡದ್ದು ಸಂವಿಧಾನದ ಪುಟದಲ್ಲಿ ಅವರ ಹೆಸರಿಗೇ ಇದೆ! ಪುಟದಿಂದ ಕಂಬದವರೆಗಿನ ದಾರಿ ಮಾತ್ರ ಉದ್ದ.

ಆ ದಾರಿಯಲ್ಲಿ ಹೆಜ್ಜೆಯಿಟ್ಟವರೂ ಇದ್ದಾರೆ. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯನ್ನು ಮೊದಲು ನೆನೆಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವನ್ನು ಕಟ್ಟಿದ ಅಮೂಲ್ಯ ರೆಡ್ಡಿಯವರು ತಮ್ಮ ಸಂಗಡಿಗರೊಡನೆ ಆ ಹಳ್ಳಿಗೆ ಹೋದರು. ಸಗಣಿಯ ಅನಿಲದಿಂದ ಮನೆಮನೆಯ ಒಲೆ ಉರಿಸುವುದು ಮೊದಲ ಸಂಕಲ್ಪ. ಲೆಕ್ಕದಲ್ಲಿ ಕೂಡಿಬಂದ ಸಗಣಿ ಕೊಟ್ಟಿಗೆಯಲ್ಲಿ ಕೂಡಿಬರಲಿಲ್ಲ. ಎಲ್ಲರ ಒಲೆಗೂ ಅನಿಲ ಸಾಲಲಿಲ್ಲ. ಆಗ ಅವರು ಊರವರ ಮೇಲೆ ತಪ್ಪು ಹೊರಿಸಿ ಹಿಂತಿರುಗಲಿಲ್ಲ. ಊರಿಗೆ ಮೊದಲು ಬೇಕಾದುದೇನೆಂಬುದನ್ನು ಮರಳಿ ಯೋಚಿಸಿದರು. ನೀರು ಮತ್ತು ದೀಪ. 1987ರಿಂದ ಅದೇ ಅನಿಲ ಐದು ಕಿಲೋವಾಟ್‌ನ ಯಂತ್ರವನ್ನು ನಡೆಸಿ ನಲ್ಲಿಗೆ ನೀರನ್ನೂ ಮನೆಗೆ ಬೆಳಕನ್ನೂ ತಂದಿತು. ಸಗಣಿ ತಂದುಕೊಟ್ಟವರಿಗೆ ಅದರ ರೊಚ್ಚು ಗೊಬ್ಬರವಾಗಿ ಹಿಂದಿರುಗುತ್ತಿತ್ತು. ತಂದದ್ದಕ್ಕೆ ಕಾಸೂ ಸಿಗುತ್ತಿತ್ತು. ನಡೆಸುತ್ತಿದ್ದುದು ಊರಿನದೇ ಸಭೆ. ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಸೌದೆಯ ಅನಿಲದಿಂದ ನಡೆಯುವ ಯಂತ್ರ ಒಂದು ದಶಕಕ್ಕೂ ಮಿಕ್ಕಿ ದೀಪ, ನೀರು, ಹಿಟ್ಟಿನ ಗಿರಣಿಗಳನ್ನು ನಡೆಸಿತು.

ಇವೆರಡೂ ಕಂಬದ ಹೊರಗಿನ ಪ್ರಯೋಗಗಳು. ಕಂಬದೊಡನೆಯೇ ವ್ಯವಹಾರ ನಡೆಸಿದ್ದು ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆ. ಅಲ್ಲಿ 2007ರಲ್ಲಿ ಸೌದೆಯಿಂದ ತೆಗೆದ ವಿದ್ಯುತ್ತು ಒಪ್ಪಂದದ ಪ್ರಕಾರ ವಿತರಣಾ ಕಂಪನಿಯ ತಂತಿಗೆ ಸೇರಿತು. ಹಳ್ಳಿಯೊಂದು ಕೊಳ್ಳುವವನಾಗಿದ್ದುದು ಮಾರುವವನಾಯಿತು. ಆದರೆ ಕೈಗೆ ಬಂದ ಬೆಲೆ ತಗಲುವ ವೆಚ್ಚಕ್ಕೆ ಸಾಲಲಿಲ್ಲ. ಸೌದೆಯ ಪೂರೈಕೆಯೂ ಏರುಪೇರಾಯಿತು. ಯೋಜನೆಯ ಹಣ ಮುಗಿದ ಮೇಲೆ ಯಂತ್ರಗಳು ನಿಂತುವು. ಯಂತ್ರ ಸೋತಿತೆಂದು ಹೇಳುವವರುಂಟು. ನನಗೆ ಕಾಣುವುದು ಬೇರೆ. ಎಣ್ಣೆಯಿತ್ತು, ಬತ್ತಿಯಿತ್ತು, ಶಾಸನದ ಸಾಲು ಮಾತ್ರ ಸರಿಯಾಗಿ ಕಂಡರಿಸಿರಲಿಲ್ಲ.

ಆ ಸಾಲನ್ನು ಸರಿಯಾಗಿ ಬರೆದವರು ಗಡಿಯಾಚೆ ಇದ್ದಾರೆ. ತಮಿಳುನಾಡಿನ ಕೊಯಮತ್ತೂರು ಜಿಲ್ಲೆಯಲ್ಲಿ, ಮೆಟ್ಟುಪಾಳ್ಯದ ಬಳಿಯ ಓಡಂತುರೈ ಒಂದು ಸಾಧಾರಣ ಗ್ರಾಮ ಪಂಚಾಯಿತಿ. ಬೀದಿದೀಪದ, ನೀರಿನ ಪಂಪಿನ ಬಿಲ್ಲುಗಳು ಅದರ ಬೊಕ್ಕಸವನ್ನೂ ಬರಿದುಮಾಡುತ್ತಿದ್ದುವು. ಷಣ್ಮುಗಂ ಎಂಬವರು ಅಧ್ಯಕ್ಷರಾಗಿದ್ದಾಗ ಪಂಚಾಯಿತಿ ತಾನು ಉಳಿಸಿದ ಹಣದ ಜೊತೆಗೆ ಬ್ಯಾಂಕಿನ ಸಾಲ ಪಡೆದು, ಸುಮಾರು ಒಂದೂವರೆ ಕೋಟಿ ರೂಪಾಯಿಗಳ ವೆಚ್ಚದಲ್ಲಿ 2006ರಲ್ಲಿ 350 ಕಿಲೋವಾಟ್‌ನ ಗಾಳಿಯಂತ್ರವೊಂದನ್ನು ಸ್ವಂತಕ್ಕೆ ಕೊಂಡಿತು. ಅದು ನಿಂತಿರುವುದು ಆ ಊರಿನಲ್ಲಲ್ಲ. ನೂರು ಕಿಲೋಮೀಟರಿಗೂ ಮೀರಿದ ದೂರದಲ್ಲಿ, ಗಾಳಿ ಚೆನ್ನಾಗಿ ಬೀಸುವ ಉಡುಮಲೈ ಸೀಮೆಯಲ್ಲಿ. ಅಲ್ಲಿ ಹುಟ್ಟಿದ್ದು ರಾಜ್ಯದ ವಿದ್ಯುತ್ ಮಂಡಲಿಯ ತಂತಿಗೆ ಸೇರಿತು; ಇಲ್ಲಿ ಪಂಚಾಯಿತಿ ಬಳಸಿದ್ದು ಅದರಲ್ಲಿ ವಜಾ ಆಯಿತು; ಮಿಕ್ಕದ್ದು ಮಾರಾಟವಾಗಿ ಸಾಲ ತೀರಿಸಲು ನೆರವಾಯಿತು. ತಂತಿಯೂ ತಮ್ಮದಲ್ಲ, ಕಂಬವೂ ತಮ್ಮದಲ್ಲ, ಯಂತ್ರ ನಿಂತ ಊರೂ ತಮ್ಮದಲ್ಲ! ತಮ್ಮದಾಗಿದ್ದುದು ಮೂಲಧನ, ಕರಾರು, ಪಂಚಾಯಿತಿಯ ಒಮ್ಮತ. ನಂದಾದೀವಿಗೆಯ ದಾನಿಯೂ ಹೊಂದಿಸಿಕೊಂಡದ್ದು ಈ ಮೂರನ್ನೇ ಅಲ್ಲವೆ?

ಹೊರಗಿನ ಲೋಕವೂ ಇದನ್ನೇ ಬೇರೆ ಬೇರೆ ಬಗೆಯಲ್ಲಿ ಕಂಡುಕೊಂಡಿದೆ. ಸ್ಪೇನ್ ದೇಶದ ಬಾರ್ಸಿಲೋನ ನಗರಸಭೆ ವಿದ್ಯುತ್ ಕಂಪನಿಯ ಗೊಡವೆಗೆ ಹೋಗಲಿಲ್ಲ. ಕಟ್ಟಡ ಕಟ್ಟಲು ಅನುಮತಿ ಕೊಡುವ ತನ್ನ ಅಧಿಕಾರವನ್ನೇ ಹಿಡಿದು, ಹೊಸ ಕಟ್ಟಡಗಳು ಬಿಸಿನೀರಿನ ಹೆಚ್ಚು ಪಾಲನ್ನು ಸೂರ್ಯನಿಂದ ಕಾಯಿಸಿಕೊಳ್ಳಬೇಕೆಂದು 2000ದಿಂದ ಕಟ್ಟಳೆ ಮಾಡಿತು. ಅಮೆರಿಕದ ಕೆಲವು ಪ್ರಾಂತಗಳಲ್ಲಿ ಊರುಗಳೆಲ್ಲ ಕೂಡಿ ತಮಗೆ ಬೇಕಾದ ವಿದ್ಯುತ್ತನ್ನು ಸಗಟಾಗಿ ಕೊಳ್ಳುತ್ತವೆ. ಕಂಪನಿ ಅದನ್ನು ತನ್ನ ತಂತಿಯಲ್ಲಿ ಸಾಗಿಸಿ ಕೂಲಿ ಪಡೆಯುತ್ತದೆ. ಬಂಡಿ ಬಾಡಿಗೆಯದು, ಸರಕು ಊರಿನದು.

ಇನ್ನು ನಮ್ಮ ಸೀಮೆ. ಯಲಬುರ್ಗಾ, ಕುಷ್ಟಗಿಗಳ ಎರೆಭೂಮಿಯಲ್ಲಿ ಇಂದು ಗಾಳಿಯಂತ್ರಗಳು ತಿರುಗುತ್ತಿವೆ. ಸೌರಫಲಕಗಳು ಹೊಲಗಳಲ್ಲಿ ಹಾಸಿಕೊಂಡಿವೆ. ತುಂಗಭದ್ರೆಯ ಎಡದಂಡೆ ಕಾಲುವೆಯ ಇಳಿಜಾರಿನಲ್ಲಿ, ಶಿವಪುರದ ಬಳಿ, ಖಾಸಗಿ ಕಂಪನಿಯೊಂದು 1990ರ ದಶಕದಲ್ಲಿಯೇ ವಿದ್ಯುತ್ತು ತೆಗೆದಿದೆ. ಗಾಳಿ, ಬಿಸಿಲು, ನೀರು ಮೂರೂ ಇಲ್ಲಿಯವು. ಆದರೆ ನಮ್ಮ ತಂದೆಯವರ ಮಾತು ಈಗಲೂ ಸುಳ್ಳಾಗಿಲ್ಲ: ದಾರಿ ಹಿಡಿದು ಹೊರಟದ್ದು.

ಅದನ್ನು ಸ್ವಲ್ಪವಾದರೂ ನಿಲ್ಲಿಸಿಕೊಳ್ಳಲು ಪಂಚಾಯಿತಿಗೆ ಕಂಪನಿಯ ಒಡೆತನ ಬೇಕಾಗಿಲ್ಲ. ತನ್ನ ಕಚೇರಿಯ, ಶಾಲೆಯ ಮಾಡಿನ ಮೇಲೆ ಫಲಕ ಹಾಕಿ, ಹೆಚ್ಚಾದುದನ್ನು ತಂತಿಗೆ ಬಿಟ್ಟು, ಬಿಲ್ಲಿನಲ್ಲಿ ಲೆಕ್ಕಹಾಕಿಸಿಕೊಳ್ಳಲು ಅವಕಾಶವಿದೆ. ನೀರಿನ ಪಂಪನ್ನು ಬಿಸಿಲಿರುವ ಹೊತ್ತಿನಲ್ಲಿಯೇ ಸೌರಶಕ್ತಿಯಿಂದ ನಡೆಸಿ ಟಾಕಿ ತುಂಬಿಸಿಕೊಳ್ಳಬಹುದು. ಟಾಕಿಯೇ ಆಗ ಶಕ್ತಿಯ ಕಣಜ. 2003ರ ವಿದ್ಯುತ್ ಕಾಯಿದೆ ಬೇರೆಯವರ ತಂತಿಯ ಮೇಲೆ ತನ್ನ ವಿದ್ಯುತ್ತನ್ನು ಸಾಗಿಸುವ ಹಕ್ಕಿಗೆ ಬಾಗಿಲು ತೆರೆಯಿತು. 2022ರ ಕೇಂದ್ರದ ನಿಯಮಗಳು ಹಸಿರು ವಿದ್ಯುತ್ತಿನ ಮಟ್ಟಿಗೆ ಆ ಹೊಸ್ತಿಲನ್ನು 100 ಕಿಲೋವಾಟಿಗೆ ಇಳಿಸಿದುವು. ಮರುವರ್ಷದ ತಿದ್ದುಪಡಿಯ ಪ್ರಕಾರ ಒಂದೇ ವಿದ್ಯುತ್ ವಿಭಾಗದ ಹಲವು ಸಂಪರ್ಕಗಳನ್ನು ಕೂಡಿಸಿಯೂ ಆ ಪ್ರಮಾಣವನ್ನು ಮುಟ್ಟಬಹುದು. ಒಂದು ಊರಿನ ಪಂಪು ಚಿಕ್ಕದಾದರೂ ಊರಿನ ಎಲ್ಲ ಪಂಪುಗಳೂ ದೀಪಗಳೂ ಕೂಡಿದರೆ ಚಿಕ್ಕವಲ್ಲ.

ಇದೆಲ್ಲ ಸುಲಭವೆಂದು ನಾನು ಹೇಳಲಾರೆ. ಸಾಗಣೆಯ ಸುಂಕಗಳುಂಟು, ಫಲಕದ ಮೇಲಿನ ದೂಳನ್ನು ಒರೆಸುವವರು ಯಾರೆಂಬ ಪ್ರಶ್ನೆಯುಂಟು, ಐದು ವರ್ಷಕ್ಕೊಮ್ಮೆ ಬದಲಾಗುವ ಪಂಚಾಯಿತಿ ಇಪ್ಪತ್ತು ವರ್ಷದ ಸಾಲವನ್ನು ಹೊರುವುದು ಹೇಗೆಂಬ ಸಂದೇಹವೂ ಉಂಟು. ಶಾಸನ ಬರೆಸಿದ ಹಿರಿಯರಿಗೂ ಇದೇ ಸಂದೇಹ ಕಾಡಿರಬೇಕು. ಅದಕ್ಕೆಂದೇ ಅವರು ‘ಆಚಂದ್ರಾರ್ಕ’ ಎಂದು ಬರೆದು, ಅಷ್ಟಕ್ಕೇ ಬಿಡದೆ, ಎಣ್ಣೆಯ ಅಳತೆಯನ್ನೂ ಕೊಡಬೇಕಾದವರ ಹೆಸರನ್ನೂ ಎಲ್ಲರೂ ಓದುವಂತೆ ಗುಡಿಯ ಮುಂದೆ ನಿಲ್ಲಿಸಿದರು. ಗ್ರಾಮಸಭೆಯ ಗೋಡೆಯ ಮೇಲೆ ಪ್ರತಿ ತಿಂಗಳ ಯೂನಿಟ್ಟುಗಳ ಲೆಕ್ಕ ಬರೆದಿಡುವುದು ಇಂದಿಗೆ ಅದಕ್ಕೆ ಸಮನಾದ ಶಾಸನ.

ಅಂದು ನನ್ನನ್ನು ತಡೆದು ಕೇಳಿದ ಅಧ್ಯಕ್ಷೆ ಇಂದು ಅಧಿಕಾರದಲ್ಲಿಲ್ಲ. ಈ ಮಾತು ಅವರ ಮನೆಯ ರೇಡಿಯೋವನ್ನು ಮುಟ್ಟುವುದಾದರೆ ಇಷ್ಟನ್ನು ಹೇಳಬಯಸುತ್ತೇನೆ: ತಾಯೀ, ಗಾಣ ನಮ್ಮದಲ್ಲ, ನಿಜ. ದೀಪ ನಮ್ಮದು. ಬೋರು, ಟಾಕಿ, ಮಾಡು, ಬಿಸಿಲು, ಗ್ರಾಮಸಭೆ ನಮ್ಮವು. ಮುಂದಿನ ಗ್ರಾಮಸಭೆಯಲ್ಲಿ ಎದ್ದುನಿಂತು, ಕಳೆದ ವರ್ಷ ನಾವು ಕಟ್ಟಿದ ವಿದ್ಯುತ್ ಬಿಲ್ಲು ಎಷ್ಟೆಂದು ಮೊದಲು ಕೇಳಿರಿ. ಕಲ್ಲಿನ ಮೇಲಿನ ಮೊದಲ ಅಕ್ಷರ ಅದೇ.

(ಬಾನುಲಿ ಭಾಷಣ)