ಶಾಲಾ ಸುರಕ್ಷತೆ: ಸಶಸ್ತ್ರ ಕಾವಲು ಮತ್ತು ಬಂದೂಕು ನಿಯಂತ್ರಣದ ವಿವಾದ

ಶಾಲೆಗೆ ನುಗ್ಗಿ ಗುಂಡು ಹಾರಿಸುವವರಿಂದ ಮಕ್ಕಳನ್ನು ಕಾಪಾಡಲು ಬಾಗಿಲಲ್ಲಿ ಬಂದೂಕುಧಾರಿ ಕಾವಲುಗಾರರನ್ನು ನಿಲ್ಲಿಸಬೇಕೆ, ಅಂಥವರಿಗೆ ಬಂದೂಕು ಸಿಗುವ ದಾರಿಯನ್ನೇ ಮುಚ್ಚಬೇಕೆ ಎಂಬ ವಿವಾದ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಮೂರು ದಶಕಗಳಿಗೂ ಮಿಕ್ಕಿ ನಡೆದಿದೆ. ಎರಡನ್ನೂ ಒಟ್ಟಿಗೆ ಮಾಡಲು ಅಡ್ಡಿಯೇನಿಲ್ಲ. ಫ್ಲಾರಿಡ ರಾಜ್ಯ 2018ರಲ್ಲಿ ಮಾಡಿಯೂ ತೋರಿಸಿತು. ಆದರೂ ದೇಶದ ರಾಜಕಾರಣದಲ್ಲಿ ಇವು ಎದುರುಬದುರಾಗಿಯೇ ನಿಂತಿವೆ. ಕಾವಲುಗಾರನ ನೇಮಕಕ್ಕೆ ಬೇಕಾದದ್ದು ಸ್ಥಳೀಯ ತೀರ್ಮಾನ ಮತ್ತು ಹಣ. ಬಂದೂಕು ಮಾರಾಟವನ್ನು ದೇಶದಾದ್ಯಂತ ಬಿಗಿಗೊಳಿಸಬೇಕಾದರೆ ಸಂವಿಧಾನದ ಎರಡನೆಯ ತಿದ್ದುಪಡಿ (1791), ಸರ್ವೋಚ್ಚ ನ್ಯಾಯಾಲಯ, ಸೆನೆಟ್‌ನ 100ರಲ್ಲಿ 60 ಮತ ಕೇಳುವ ನಡಾವಳಿ, ಇಷ್ಟನ್ನೂ ದಾಟಬೇಕು. ವಿವಾದದ ಇತಿಹಾಸವನ್ನು ರೂಪಿಸಿದ್ದು ಈ ಅಸಮಾನತೆ. ಶಾಲಾ ಕಟ್ಟಡಗಳು ವರ್ಷದಿಂದ ವರ್ಷಕ್ಕೆ ಭದ್ರವಾಗುತ್ತ ಹೋದವು. ಬಂದೂಕು ಬರುವ ದಾರಿ ಬಹುಮಟ್ಟಿಗೆ ತೆರೆದೇ ಉಳಿಯಿತು.

ಹಿನ್ನೆಲೆ

ಶಾಲೆಗೆ ಪೊಲೀಸರು ಮೊದಲು ಬಂದದ್ದು ಬೇರೆಯೇ ಉದ್ದೇಶಕ್ಕೆ. 1950ರ ದಶಕದಲ್ಲಿ ಮಿಷಿಗನ್ ರಾಜ್ಯದ ಫ್ಲಿಂಟ್ ನಗರ ಮಕ್ಕಳಿಗೂ ಪೊಲೀಸರಿಗೂ ಸಲುಗೆ ಬೆಳೆಯಲೆಂದು ಅಧಿಕಾರಿಗಳನ್ನು ಶಾಲೆಗಳಿಗೆ ಕಳಿಸಿತು. ಇಂದು ‘ಸ್ಕೂಲ್ ರಿಸೋರ್ಸ್ ಆಫೀಸರ್’ ಎಂದು ಕರೆಯುವ ಶಾಲಾ ಪೊಲೀಸರ ಪದ್ಧತಿಯ ಮೂಲ ಅಲ್ಲಿದೆ. 1966ರ ಆಗಸ್ಟ್ 1ರಂದು ಆಸ್ಟಿನ್ ನಗರದ ಟೆಕ್ಸಸ್ ವಿಶ್ವವಿದ್ಯಾಲಯದ ಗೋಪುರದ ಮೇಲಿನಿಂದ ಒಬ್ಬ ಗುಂಡು ಹಾರಿಸುತ್ತಿದ್ದಾಗ ನಾಗರಿಕರು ತಮ್ಮ ಬೇಟೆಯ ರೈಫಲ್‌ಗಳನ್ನು ತಂದು ಕೆಳಗಿನಿಂದ ಗುಂಡು ಹಾರಿಸಿದ್ದರು. ಶಸ್ತ್ರ ಹಿಡಿದ ನಾಗರಿಕನೇ ರಕ್ಷಕ ಎಂಬ ವಾದದವರು ಈ ಘಟನೆಯನ್ನು ಈಗಲೂ ನೆನೆಯುತ್ತಾರೆ. ಆದರೆ ಹಂತಕನನ್ನು ಕೊನೆಗಾಣಿಸಿದ್ದು ಗೋಪುರ ಹತ್ತಿದ ಪೊಲೀಸರು.

ಶಾಲೆಯ ದಾಳಿಯೊಂದು ನೇರವಾಗಿ ಬಂದೂಕು ಕಾನೂನಿಗೆ ದಾರಿಮಾಡಿದ್ದು 1989ರ ಜನವರಿಯಲ್ಲಿ. ಕ್ಯಾಲಿಫೋರ್ನಿಯದ ಸ್ಟಾಕ್ಟನ್‌ನಲ್ಲಿ ಪ್ರಾಥಮಿಕ ಶಾಲೆಯ ಆಟದ ಮೈದಾನದಲ್ಲಿದ್ದ ಐದು ಮಕ್ಕಳು ಎಕೆ ಮಾದರಿಯ ರೈಫಲ್‌ಗೆ ಬಲಿಯಾದರು. ಅವರೆಲ್ಲ ಯುದ್ಧದಿಂದ ಪಾರಾಗಿ ಬಂದ ಕಾಂಬೋಡಿಯ, ವಿಯೆಟ್ನಾಮ್ ಮೂಲದ ಕುಟುಂಬಗಳ ಮಕ್ಕಳು. ಅದೇ ವರ್ಷ ಕ್ಯಾಲಿಫೋರ್ನಿಯ ಇಂಥ ಸೇನಾ ಮಾದರಿಯ ಬಂದೂಕುಗಳನ್ನು ನಿಷೇಧಿಸಿತು. ಕೇಂದ್ರ ಸಂಸತ್ತು 1990ರಲ್ಲಿ ಶಾಲೆಯ ಸುತ್ತ ಬಂದೂಕು ಒಯ್ಯುವುದನ್ನು ಅಪರಾಧವಾಗಿಸಿತು. 1995ರಲ್ಲಿ ಸರ್ವೋಚ್ಚ ನ್ಯಾಯಾಲಯ ‘ಅಮೆರಿಕ ವಿರುದ್ಧ ಲೋಪೆಜ್’ ಮೊಕದ್ದಮೆಯಲ್ಲಿ 5–4ರ ಬಹುಮತದಿಂದ ಅದನ್ನು ರದ್ದು ಮಾಡಿತು; ಮರುವರ್ಷ ಸಂಸತ್ತು ತಿದ್ದಿ ಮತ್ತೆ ತಂದಿತು. 1993ರ ಬ್ರೇಡಿ ಕಾನೂನು ಪರವಾನಗಿ ಪಡೆದ ವ್ಯಾಪಾರಿಗಳಿಂದ ಕೊಳ್ಳುವವರ ಹಿನ್ನೆಲೆ ಪರಿಶೀಲನೆಯನ್ನು ಕಡ್ಡಾಯಗೊಳಿಸಿತು. ಸೇನಾ ಮಾದರಿಯ ಬಂದೂಕುಗಳ ಮೇಲೆ 1994ರಲ್ಲಿ ಬಂದ ಕೇಂದ್ರ ನಿಷೇಧದ ಅವಧಿ ಹತ್ತೇ ವರ್ಷ. 2004ರಲ್ಲಿ ಅದು ಮುಗಿದಾಗ ಸಂಸತ್ತು ನವೀಕರಿಸಲಿಲ್ಲ.

ಕೊಲಂಬೈನ್

1999ರ ಏಪ್ರಿಲ್ 20ರಂದು ಕೊಲರಾಡೋದ ಕೊಲಂಬೈನ್ ಪ್ರೌಢಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು 12 ಸಹಪಾಠಿಗಳನ್ನೂ ಒಬ್ಬ ಶಿಕ್ಷಕರನ್ನೂ ಕೊಂದರು. ಶಾಲೆಗೆ ನಿಯೋಜಿತನಾಗಿದ್ದ ಸಶಸ್ತ್ರ ಪೊಲೀಸ್ ಅಧಿಕಾರಿ ಹೊರಗಿನಿಂದ ಹಂತಕನೊಬ್ಬನತ್ತ ಗುಂಡು ಹಾರಿಸಿದರೂ ದೂರದಿಂದ ತಾಗಲಿಲ್ಲ. ಆಗಿನ ತರಬೇತಿಯ ಪ್ರಕಾರ ಪೊಲೀಸರು ಕಟ್ಟಡವನ್ನು ಸುತ್ತುವರಿದು ವಿಶೇಷ ದಳಕ್ಕಾಗಿ ಕಾದರು. ಗಾಯಗೊಂಡ ಶಿಕ್ಷಕ ಒಳಗೆ ಗಂಟೆಗಟ್ಟಲೆ ರಕ್ತ ಸೋರಿ ತೀರಿಕೊಂಡರು. ಮೊದಲು ಬಂದ ಪೊಲೀಸನೇ ಕಾಯದೆ ಒಳನುಗ್ಗಬೇಕು ಎಂಬ ಈಗಿನ ನಿಯಮ ಹುಟ್ಟಿದ್ದು ಈ ದುರಂತದಿಂದ.

ಎರಡೂ ಪಕ್ಷಗಳಿಗೆ ಕೊಲಂಬೈನ್ ಪಾಠ ಕಲಿಸಬಹುದಿತ್ತು. ಹಂತಕರ ನಾಲ್ಕು ಬಂದೂಕುಗಳಲ್ಲಿ ಮೂರನ್ನು 18 ವರ್ಷದ ಗೆಳತಿಯೊಬ್ಬಳು ಬಂದೂಕು ಮೇಳದಲ್ಲಿ ಖಾಸಗಿ ಮಾರಾಟಗಾರರಿಂದ, ಯಾವ ಪರಿಶೀಲನೆಯೂ ಇಲ್ಲದೆ ಕೊಂಡಿದ್ದಳು. ಮೇಳಗಳಲ್ಲೂ ಪರಿಶೀಲನೆ ಬೇಕೆಂಬ ತಿದ್ದುಪಡಿ 1999ರ ಮೇ ತಿಂಗಳಲ್ಲಿ ಉಪಾಧ್ಯಕ್ಷ ಆಲ್ ಗೋರ್ ಅವರ ನಿರ್ಣಾಯಕ ಮತದಿಂದ ಸೆನೆಟ್‌ನಲ್ಲಿ ಗೆದ್ದಿತು, ಕೆಳಮನೆಯಲ್ಲಿ ಬಿದ್ದುಹೋಯಿತು. ಕೊಲರಾಡೋದ ಮತದಾರರು 2000ದಲ್ಲಿ ತಾವೇ ಮತ ಹಾಕಿ ಆ ಕಾನೂನನ್ನು ತಮ್ಮ ರಾಜ್ಯಕ್ಕೆ ತಂದುಕೊಂಡರು. ಕಾವಲಿನ ವಿಷಯದಲ್ಲಿ ಇಂಥ ತೊಡಕೇ ಬರಲಿಲ್ಲ. ಕೇಂದ್ರದ ಅನುದಾನದಲ್ಲಿ ಸಾವಿರಾರು ಶಾಲಾ ಪೊಲೀಸರ ನೇಮಕವಾಯಿತು. 2017–18ರ ಹೊತ್ತಿಗೆ ಅರ್ಧಕ್ಕೆ ಹತ್ತಿರದಷ್ಟು ಸರ್ಕಾರಿ ಶಾಲೆಗಳಲ್ಲಿ ವಾರಕ್ಕೆ ಒಮ್ಮೆಯಾದರೂ ಅವರು ಹಾಜರಿರುತ್ತಿದ್ದರು.

ಆದರೂ ದಾಳಿಗಳು ನಿಲ್ಲಲಿಲ್ಲ. ವರ್ಜೀನಿಯ ಟೆಕ್ ವಿಶ್ವವಿದ್ಯಾಲಯದಲ್ಲಿ 2007ರ ಏಪ್ರಿಲ್ 16ರಂದು 32 ಮಂದಿ ಹತರಾದರು. ಅವರಲ್ಲಿ ಭಾರತದಲ್ಲಿ ಹುಟ್ಟಿದ ಪ್ರಾಧ್ಯಾಪಕರೊಬ್ಬರೂ ಭಾರತದಿಂದ ಓದಲು ಹೋಗಿದ್ದ ವಿದ್ಯಾರ್ಥಿನಿಯೊಬ್ಬಳೂ ಇದ್ದರು.

ಸ್ಯಾಂಡಿ ಹುಕ್‌ನಿಂದ ಪಾರ್ಕ್‌ಲ್ಯಾಂಡ್‌ವರೆಗೆ

2012ರ ಡಿಸೆಂಬರ್ 14ರಂದು ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಪ್ರಾಥಮಿಕ ಶಾಲೆಯಲ್ಲಿ ಆರು, ಏಳು ವರ್ಷದ 20 ಮಕ್ಕಳು ಮತ್ತು ಆರು ಮಂದಿ ಸಿಬ್ಬಂದಿ ಕೊಲೆಯಾದರು. ಹಂತಕನ ಕೈಯಲ್ಲಿದ್ದ ರೈಫಲ್ ಅವನ ತಾಯಿ ಕಾನೂನುಬದ್ಧವಾಗಿ ಕೊಂಡದ್ದು. ಒಂದು ವಾರದ ಬಳಿಕ ಬಂದೂಕು ಹಕ್ಕಿನ ಪರ ಸಂಘಟನೆಯಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್‌ನ ಮುಖ್ಯಸ್ಥ ವೇಯ್ನ್ ಲಾಪಿಯರ್, ಬಂದೂಕು ಹಿಡಿದ ಕೆಟ್ಟವನನ್ನು ತಡೆಯಬಲ್ಲವನು ಬಂದೂಕು ಹಿಡಿದ ಒಳ್ಳೆಯವನು ಮಾತ್ರ ಎಂದು ಸಾರಿ, ದೇಶದ ಪ್ರತಿ ಶಾಲೆಗೂ ಸಶಸ್ತ್ರ ಅಧಿಕಾರಿ ಬೇಕೆಂದು ಕೇಳಿದರು. ಇದೇ ಲಾಪಿಯರ್ 1999ರಲ್ಲಿ, ಕೊಲಂಬೈನ್ ಆದ ಹೊಸದರಲ್ಲಿ, ಪೊಲೀಸರನ್ನೂ ತರಬೇತಾದ ಭದ್ರತಾ ಸಿಬ್ಬಂದಿಯನ್ನೂ ಬಿಟ್ಟರೆ ಶಾಲೆಗಳು ಸಂಪೂರ್ಣ ಬಂದೂಕುಮುಕ್ತವಾಗಿರಬೇಕೆಂದು ಹೇಳಿದ್ದರು. ಹದಿಮೂರು ವರ್ಷಗಳಲ್ಲಿ ‘ಬಂದೂಕುಮುಕ್ತ ವಲಯ’ ಎಂಬುದೇ ಹಂತಕರಿಗೆ ಕೊಟ್ಟ ಆಹ್ವಾನ ಎಂಬ ವಾದ ಬೆಳೆಯಿತು. ಸಂಘಟನೆಯ ನಿಲುವಿನಲ್ಲಿ ಆದ ಈ ಬದಲಾವಣೆಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಅಧ್ಯಕ್ಷ ಒಬಾಮ ಬೆಂಬಲಿಸಿದ ಹಿನ್ನೆಲೆ ಪರಿಶೀಲನೆಯ ಮಸೂದೆಯನ್ನು ಮ್ಯಾಂಚಿನ್ ಮತ್ತು ಟೂಮಿ ಎಂಬ ಇಬ್ಬರು ಸೆನೆಟರುಗಳು, ಒಬ್ಬ ಡೆಮಾಕ್ರಟ್, ಒಬ್ಬ ರಿಪಬ್ಲಿಕನ್, ಕೂಡಿ ಮಂಡಿಸಿದ್ದರು. 2013ರ ಏಪ್ರಿಲ್‌ನಲ್ಲಿ ಪರವಾಗಿ 54, ವಿರುದ್ಧ 46 ಮತ ಬಿದ್ದವು. ಬಹುಮತವಿದ್ದೂ ಮಸೂದೆ ಸೋತಿತು, ಏಕೆಂದರೆ ಬೇಕಿದ್ದದ್ದು 60. ಸತ್ತ ಮಕ್ಕಳ ತಂದೆತಾಯಂದಿರು ಸೆನೆಟ್‌ನ ಪ್ರೇಕ್ಷಕರ ಗ್ಯಾಲರಿಯಲ್ಲಿ ಕುಳಿತು ಆ ಎಣಿಕೆ ನೋಡಿದರು. ಆ ಹೊತ್ತಿಗಾಗಲೇ ಹೋರಾಟ ರಾಜ್ಯಗಳಿಗೆ ಇಳಿದಿತ್ತು. ನ್ಯೂಯಾರ್ಕ್, ಕನೆಕ್ಟಿಕಟ್ ಬಂದೂಕು ಕಾನೂನನ್ನು ಬಿಗಿಗೊಳಿಸಿದ್ದರೆ, ದಕ್ಷಿಣ ಡಕೋಟ ಶಿಕ್ಷಕರಿಗೂ ಬಂದೂಕು ಹಿಡಿಯುವ ಅವಕಾಶ ಕೊಟ್ಟಿತ್ತು.

ಫ್ಲಾರಿಡದ ಪಾರ್ಕ್‌ಲ್ಯಾಂಡ್‌ನಲ್ಲಿ 2018ರ ಫೆಬ್ರವರಿ 14ರಂದು 17 ಮಂದಿ ಸತ್ತಾಗ ಶಾಲೆಯ ಸಶಸ್ತ್ರ ಅಧಿಕಾರಿ ಕಟ್ಟಡದ ಹೊರಗೇ ಉಳಿದರು. ಅವರ ಮೇಲೆ ಮೊಕದ್ದಮೆ ನಡೆದು 2023ರಲ್ಲಿ ಖುಲಾಸೆಯಾಯಿತು. ಬದುಕುಳಿದ ವಿದ್ಯಾರ್ಥಿಗಳೇ ಹೋರಾಟದ ಮುಂದಾಳುಗಳಾಗಿ ಮಾರ್ಚ್ 24ರಂದು ವಾಷಿಂಗ್ಟನ್‌ನಲ್ಲಿ ಬೃಹತ್ ಮೆರವಣಿಗೆ ನಡೆಸಿದರು. ರಿಪಬ್ಲಿಕನ್ ಬಹುಮತದ ಫ್ಲಾರಿಡ ಶಾಸನಸಭೆ ಮೂರೂವರೆ ವಾರದೊಳಗೆ ಕಾನೂನು ಮಾಡಿತು: ಬಂದೂಕು ಕೊಳ್ಳಲು 21 ವರ್ಷ, ಮೂರು ದಿನಗಳ ಕಾಯುವಿಕೆ, ಅಪಾಯಕಾರಿ ಎನಿಸಿದವರ ಬಂದೂಕನ್ನು ನ್ಯಾಯಾಲಯದ ಆದೇಶದಿಂದ ತಾತ್ಕಾಲಿಕವಾಗಿ ವಶಪಡಿಸಿಕೊಳ್ಳುವ ಅಧಿಕಾರ, ಜೊತೆಗೆ ಪ್ರತಿ ಶಾಲೆಗೂ ಸಶಸ್ತ್ರ ಕಾವಲು. ತರಗತಿಯ ಶಿಕ್ಷಕರನ್ನು ಮೊದಲು ಬಹುತೇಕ ಹೊರಗಿಟ್ಟಿದ್ದ ಕಾವಲು ಯೋಜನೆಗೆ 2019ರಲ್ಲಿ ಅವರನ್ನೂ ಸೇರಿಸಲಾಯಿತು.

ಯುವಾಲ್ಡಿ

ಟೆಕ್ಸಸ್‌ನ ಯುವಾಲ್ಡಿ ಪಟ್ಟಣದ ರಾಬ್ ಪ್ರಾಥಮಿಕ ಶಾಲೆಯಲ್ಲಿ 2022ರ ಮೇ 24ರಂದು 19 ಮಕ್ಕಳು, ಇಬ್ಬರು ಶಿಕ್ಷಕಿಯರು ಕೊಲೆಯಾದರು. ಹಂತಕ 18 ತುಂಬಿದ ಕೆಲವೇ ದಿನಗಳಲ್ಲಿ ಕಾನೂನುಬದ್ಧವಾಗಿ ರೈಫಲ್ ಕೊಂಡಿದ್ದ. ವಿವಿಧ ಇಲಾಖೆಗಳ 376 ಅಧಿಕಾರಿಗಳು ಸ್ಥಳಕ್ಕೆ ಬಂದಿದ್ದರೂ ಅವನನ್ನು ಎದುರಿಸಲು 77 ನಿಮಿಷ ಹಿಡಿಯಿತು. ಆ ಹೊತ್ತಿನಲ್ಲಿ ಮಕ್ಕಳು ಒಳಗಿನಿಂದ ತುರ್ತು ಸಂಖ್ಯೆಗೆ ಫೋನ್ ಮಾಡುತ್ತಲೇ ಇದ್ದರು. ಹೊರಗೆ ತಂದೆತಾಯಂದಿರನ್ನು ಪೊಲೀಸರೇ ತಡೆದು ನಿಲ್ಲಿಸಿದ್ದರು. ಶಸ್ತ್ರವಿದ್ದರೆ ಸಾಲದು ಎಂಬುದಕ್ಕೆ ಇದಕ್ಕಿಂತ ಕಟುವಾದ ನಿದರ್ಶನ ಈ ಇತಿಹಾಸದಲ್ಲಿ ಇನ್ನೊಂದಿಲ್ಲ.

ಒಂದು ತಿಂಗಳಲ್ಲಿ ಎರಡೂ ಪಕ್ಷಗಳು ಒಪ್ಪಿದ ಕೇಂದ್ರ ಕಾನೂನು ಬಂದಿತು. ಸುಮಾರು ಮೂವತ್ತು ವರ್ಷಗಳಲ್ಲಿ ಇಷ್ಟು ಮಹತ್ವದ ಕೇಂದ್ರ ಬಂದೂಕು ಕಾನೂನು ಇದೇ ಮೊದಲು. 21 ವರ್ಷದೊಳಗಿನ ಗ್ರಾಹಕರ ಹೆಚ್ಚಿನ ಪರಿಶೀಲನೆಗೂ ಮಾನಸಿಕ ಆರೋಗ್ಯಕ್ಕೂ ಅದರಲ್ಲಿ ಅವಕಾಶವಿತ್ತು. ಟೆಕ್ಸಸ್ ಮಾತ್ರ ಕೊಳ್ಳುವ ವಯಸ್ಸನ್ನು ಏರಿಸಲಿಲ್ಲ. 2023ರಲ್ಲಿ ಪ್ರತಿ ಶಾಲೆಗೂ ಸಶಸ್ತ್ರ ಅಧಿಕಾರಿಯನ್ನು ಕಡ್ಡಾಯ ಮಾಡಿ, ಶಾಲೆಯೊಂದಕ್ಕೆ ವರ್ಷಕ್ಕೆ 15,000 ಡಾಲರ್ ಕೊಟ್ಟಿತು. ಒಬ್ಬ ಅಧಿಕಾರಿಯ ಸಂಬಳಕ್ಕೂ ಅದು ಸಾಲದೆಂದು ಜಿಲ್ಲೆಗಳು ದೂರಿದವು.

ಅಧ್ಯಯನಗಳು

ಕಾವಲುಗಾರನಿದ್ದ ಕಾರಣಕ್ಕೆ ನಡೆಯದೇ ಹೋದ ದಾಳಿಗಳನ್ನು ಎಣಿಸುವುದು ಕಷ್ಟ. ಕಾವಲಿನ ಪರವಾದಿಗಳ ಈ ಮಾತು ನ್ಯಾಯವಾದದ್ದೇ. ಆದರೆ ಲಭ್ಯವಿರುವ ಅಂಕಿಅಂಶ ಅವರಿಗೆ ಬಲ ಕೊಡುವುದಿಲ್ಲ. 1980ರಿಂದ 2019ರವರೆಗಿನ 133 ಪ್ರಕರಣಗಳನ್ನು ಪರಿಶೀಲಿಸಿ 2021ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನ, ಸಶಸ್ತ್ರ ಕಾವಲಿದ್ದ ಶಾಲೆಗಳಲ್ಲಿ ಸಾವಿನ ಪ್ರಮಾಣ 2.83 ಪಟ್ಟು ಹೆಚ್ಚಿದ್ದುದನ್ನು ಕಂಡಿತು. ಕಾವಲೇ ಸಾವಿಗೆ ಕಾರಣ ಎಂದು ಇದರಿಂದ ಹೇಳಲಾಗದು. ಸಾಯಲು ಸಿದ್ಧನಾಗಿ ಬಂದವನಿಗೆ ಕಾವಲುಗಾರನ ಭಯ ಅಷ್ಟಾಗಿ ಇರುವುದಿಲ್ಲ ಎಂಬ ಊಹೆಗೆ ಮಾತ್ರ ಇದು ಆಧಾರ. ಶಾಲಾ ಪೊಲೀಸರಿಗೆ ಇನ್ನೊಂದು ಬೆಲೆಯೂ ಇದೆ. ತರಗತಿಯ ಸಣ್ಣ ಗಲಾಟೆ ಠಾಣೆಯ ಮೆಟ್ಟಿಲೇರುತ್ತದೆ, ಅದರ ಪೆಟ್ಟು ಕಪ್ಪು ಮಕ್ಕಳಿಗೆ ಹೆಚ್ಚು. 2020ರಲ್ಲಿ ಮಿನಿಯಾಪೊಲಿಸ್, ಡೆನ್ವರ್ ನಗರಗಳು ಅವರನ್ನು ಶಾಲೆಗಳಿಂದ ಹೊರಕಳಿಸಲು ತೀರ್ಮಾನಿಸಿದವು. 2023ರಲ್ಲಿ ಪ್ರೌಢಶಾಲೆಯೊಂದರಲ್ಲಿ ಗುಂಡು ಹಾರಿದ ಮೇಲೆ ಡೆನ್ವರ್ ಮತ್ತೆ ಕರೆಸಿಕೊಂಡಿತು.

ಇಷ್ಟರ ನಡುವೆ ಮಕ್ಕಳು ಬಾಗಿಲು ಮುಚ್ಚಿ, ದೀಪ ಆರಿಸಿ ಮೂಲೆಯಲ್ಲಿ ಸದ್ದಿಲ್ಲದೆ ಕೂರುವ ‘ಲಾಕ್‌ಡೌನ್ ಡ್ರಿಲ್’ ಕಲಿಯುತ್ತಿದ್ದಾರೆ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳಿಗೂ ಇದು ಶಿಶುವಿಹಾರದಿಂದಲೇ ಪರಿಚಿತ.

ಅಮೆರಿಕದ ಹೊರಗೆ

ಸ್ಕಾಟ್ಲೆಂಡಿನ ಡನ್‌ಬ್ಲೇನ್‌ನಲ್ಲಿ 1996ರಲ್ಲಿ 16 ಮಕ್ಕಳು ಮತ್ತು ಶಿಕ್ಷಕಿ ಹತರಾದ ಮೇಲೆ ಬ್ರಿಟನ್ 1997ರಲ್ಲಿ ಖಾಸಗಿ ಕೈಬಂದೂಕುಗಳನ್ನು ಹೆಚ್ಚುಕಡಿಮೆ ಪೂರ್ತಿ ನಿಷೇಧಿಸಿತು. ಪೇಶಾವರದ ಸೈನಿಕ ಶಾಲೆಯ ಮೇಲೆ 2014ರಲ್ಲಿ ಉಗ್ರರ ದಾಳಿ ನಡೆದ ನಂತರ ಪಾಕಿಸ್ತಾನದ ಖೈಬರ್ ಪಖ್ತೂನ್‌ಖ್ವಾ ಪ್ರಾಂತ ಶಿಕ್ಷಕರಿಗೆ ಬಂದೂಕು ತರಲು ಅನುಮತಿ ಕೊಟ್ಟಿತು. ಸಂಘಟಿತ ಉಗ್ರರ ದಾಳಿಯನ್ನೂ ಮನೆಯ ಬಂದೂಕು ಹಿಡಿದು ಬರುವ ಹುಡುಗನನ್ನೂ ಒಂದೇ ಅಳತೆಯಲ್ಲಿ ನೋಡಲಾಗದು.

ಮನೆಯ ಬಂದೂಕು

ಅಮೆರಿಕದ ಸೀಕ್ರೆಟ್ ಸರ್ವಿಸ್ 2002ರಲ್ಲೂ 2019ರಲ್ಲೂ ಪ್ರಕಟಿಸಿದ ವರದಿಗಳು ಒಂದೇ ಮಾತು ಹೇಳುತ್ತವೆ: ಶಾಲೆಯಲ್ಲಿ ಗುಂಡು ಹಾರಿಸಿದ ಹೆಚ್ಚಿನ ವಿದ್ಯಾರ್ಥಿಗಳಿಗೆ ಬಂದೂಕು ಸಿಕ್ಕಿದ್ದು ತಮ್ಮದೇ ಮನೆಯಲ್ಲಿ ಅಥವಾ ಹತ್ತಿರದ ಬಂಧುಗಳಲ್ಲಿ. ಅವರ ಯೋಜನೆಯ ಸುಳಿವೂ ಬಹುಪಾಲು ಯಾರಿಗಾದರೂ ಮೊದಲೇ ಸಿಕ್ಕಿರುತ್ತದೆ. ವಿವಾದದ ಎರಡೂ ಪಕ್ಷಗಳು ಇಷ್ಟು ಕಾಲ ಕಡೆಗಣಿಸಿದ ಜಾಗ ಇದು. ಮಿಷಿಗನ್‌ನ ಆಕ್ಸ್‌ಫರ್ಡ್ ಶಾಲೆಯಲ್ಲಿ 2021ರಲ್ಲಿ ನಾಲ್ವರು ವಿದ್ಯಾರ್ಥಿಗಳನ್ನು ಕೊಂದ 15 ವರ್ಷದ ಹುಡುಗನ ತಂದೆತಾಯಿ 2024ರಲ್ಲಿ ಪ್ರತ್ಯೇಕ ವಿಚಾರಣೆಗಳಲ್ಲಿ ಅಪರಾಧಿಗಳೆಂದು ಸಾಬೀತಾಗಿ 10ರಿಂದ 15 ವರ್ಷಗಳ ಸೆರೆವಾಸಕ್ಕೆ ಗುರಿಯಾದರು. ಸಾಮೂಹಿಕ ಶಾಲಾ ಹತ್ಯೆಯೊಂದರ ಸಾವುಗಳಿಗೆ ಹಂತಕನ ಹೆತ್ತವರನ್ನೇ ಹೊಣೆ ಮಾಡಿದ್ದು ಆ ದೇಶದಲ್ಲಿ ಅದೇ ಮೊದಲು.

2024ರ ಸೆಪ್ಟೆಂಬರ್ 4ರಂದು ಜಾರ್ಜಿಯದ ಅಪಲಾಚಿ ಪ್ರೌಢಶಾಲೆಯಲ್ಲಿ ಕಾವಲು ಕೆಲಸ ಮಾಡಿತು. ಶಿಕ್ಷಕರು ತುರ್ತು ಗುಂಡಿ ಒತ್ತಿದರು, ಶಾಲಾ ಪೊಲೀಸರು ಎದುರಾದೊಡನೆ 14 ವರ್ಷದ ಹುಡುಗ ಶರಣಾದ. ಅಷ್ಟರಲ್ಲಿ ಇಬ್ಬರು ವಿದ್ಯಾರ್ಥಿಗಳು, ಇಬ್ಬರು ಶಿಕ್ಷಕರು ಸತ್ತಿದ್ದರು. ಹುಡುಗನಿಗೆ ಬಂದೂಕು ಕೊಟ್ಟನೆಂದು ಆರೋಪಿಸಿ ತಂದೆಯ ಮೇಲೂ ಮೊಕದ್ದಮೆ ಹೂಡಲಾಯಿತು. ಜಾರ್ಜಿಯ 2025ರಲ್ಲಿ ತಂದ ಶಾಲಾ ಸುರಕ್ಷತಾ ಕಾನೂನು ತುರ್ತು ಗುಂಡಿಯನ್ನೂ ಶಾಲೆ ಬದಲಿಸಿದ ವಿದ್ಯಾರ್ಥಿಯ ದಾಖಲೆಗಳ ಶೀಘ್ರ ವರ್ಗಾವಣೆಯನ್ನೂ ಕಡ್ಡಾಯ ಮಾಡಿತು. ಮನೆಯ ಬಂದೂಕಿಗೆ ಬೀಗ ಹಾಕುವುದನ್ನು ಕಡ್ಡಾಯ ಮಾಡಲಿಲ್ಲ.