ಮೈಸೂರಲ್ಲಿ ಅಚ್ಚಾದ ನೋಟು, ಎಲ್ಲೂ ಇಲ್ಲದ ಚಿಪ್

2016ರ ನವೆಂಬರ್ 8, ಮಂಗಳವಾರ. ರಾತ್ರಿ 8 ಗಂಟೆಗೆ ಪ್ರಧಾನಿ ಟೀವಿಯಲ್ಲಿ ಬಂದರು. ಮಧ್ಯರಾತ್ರಿಯಿಂದ 500, 1000ದ ನೋಟು ನಡೆಯಲ್ಲ ಅಂದರು. ಚಲಾವಣೆಯಲ್ಲಿದ್ದ ಹಣದ ಮೌಲ್ಯದಲ್ಲಿ ಸುಮಾರು ಶೇ. 86 ಭಾಗ, ಒಂದೇ ಭಾಷಣಕ್ಕೆ ಅಂಗಡಿಯಲ್ಲಿ ನಡೆಯದ ಕಾಗದವಾಯಿತು.

ನೀವೂ ಕ್ಯೂನಲ್ಲಿ ನಿಂತಿರುತ್ತೀರಿ. ನಾನು ಹೇಳೋದು ಆ ಕ್ಯೂ ಕಥೆ ಅಲ್ಲ. ಆ ಕ್ಯೂನಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದ ಒಂದು ಮೆಸೇಜಿನ ಕಥೆ. ಹೊಸ 2000ದ ನೋಟಿನಲ್ಲಿ ನ್ಯಾನೊ ಜಿಪಿಎಸ್ ಚಿಪ್ ಇದೆ, 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹ ಪತ್ತೆಹಚ್ಚುತ್ತೆ ಅನ್ನೋ ಮೆಸೇಜು. ವಾಟ್ಸಾಪಿನಲ್ಲೇ ನಿಂತಿದ್ದರೆ ಬೇರೆ ಮಾತು. ನ್ಯೂಸ್ ಚಾನೆಲ್‌ಗಳು ಗ್ರಾಫಿಕ್ಸ್ ಮಾಡಿ ತೋರಿಸಿದವು.

ನಾನಾಗ ಒಂದು ನ್ಯೂಸ್ ಡೆಸ್ಕ್‌ನಲ್ಲಿದ್ದೆ. ಓದಿದ್ದು ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್. ಚಿಪ್ ಸ್ಕ್ರಿಪ್ಟ್ ನನ್ನ ಕಣ್ಣೆದುರೇ ಹಾದು ಹೋಯಿತು. 'ಇದು ಹೇಗೆ ಸಾಧ್ಯ?' ಅಂತ ಅನ್ನಿಸಿತ್ತು. ಬಾಯಿ ಬಿಡಲಿಲ್ಲ. ಎಲ್ಲ ಕಡೆ ಓಡ್ತಿದೆ, ನಾವ್ಯಾಕೆ ಹಿಂದೆ ಬೀಳೋದು ಅಂತ ಸುಮ್ಮನಾದೆ.

ಯಾಕೆ ಸಾಧ್ಯವಿಲ್ಲ? ಮೈಸೂರಿನ ಉದಾಹರಣೆಯನ್ನೇ ಕೊಡ್ತೀನಿ. 1935ರ ಸೆಪ್ಟೆಂಬರ್ 10ರಂದು, ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಶುರು ಮಾಡಿದರು. ಅದೇ ಆಕಾಶವಾಣಿ. ಅವರ ದನಿ ಊರಿನ ರೇಡಿಯೊ ಪೆಟ್ಟಿಗೆಗಳಿಗೆ ತಲುಪುತ್ತಿತ್ತು. ಆದರೆ ಯಾವ ಮನೆಯಲ್ಲಿ ಯಾರು ಕೇಳ್ತಿದ್ದಾರೆ ಅಂತ ಆ ಪೆಟ್ಟಿಗೆ ಅವರಿಗೆ ತಿರುಗಿ ಹೇಳುತ್ತಿರಲಿಲ್ಲ. ಅದು ಕೇಳಿಸಿಕೊಳ್ಳುತ್ತೆ, ಮಾತಾಡಲ್ಲ. ಜಿಪಿಎಸ್ ಕೂಡ ಅಷ್ಟೇ. ಸುಮಾರು 20,000 ಕಿ.ಮೀ. ಎತ್ತರದ ಉಪಗ್ರಹಗಳು ಮಾತಾಡುತ್ತವೆ, ನಮ್ಮ ಮೊಬೈಲು ಕೇಳಿಸಿಕೊಂಡು ತಾನೆಲ್ಲಿದ್ದೇನೆ ಅಂತ ಲೆಕ್ಕ ಹಾಕುತ್ತೆ. ಆ ಲೆಕ್ಕವನ್ನು ಇನ್ನೊಬ್ಬರಿಗೆ ಕಳಿಸಲು ಬೇರೆ ಟ್ರಾನ್ಸ್‌ಮಿಟರ್ ಬೇಕು, ಬ್ಯಾಟರಿ ಬೇಕು. ಬೇಸ್‌ಮೆಂಟ್ ಪಾರ್ಕಿಂಗಿಗೆ ಇಳಿದರೇ ಮ್ಯಾಪ್ ತಡವರಿಸುತ್ತೆ. 120 ಮೀಟರ್ ಮಣ್ಣಿನಡಿ ಕಾಗದದ ನೋಟು ಮಾತಾಡುತ್ತಾ?

ಇನ್ನೊಂದು ವಿಷಯ. ಆ ನೋಟು ಎಲ್ಲೋ ದೂರದಲ್ಲಲ್ಲ, ನಮ್ಮ ಮೈಸೂರಲ್ಲೇ ಅಚ್ಚಾಗುತ್ತಿತ್ತು. ರಿಸರ್ವ್ ಬ್ಯಾಂಕಿನ ನೋಟು ಮುದ್ರಣ ಸಂಸ್ಥೆ ಶುರುವಾದದ್ದು 1995ರಲ್ಲಿ. ಮರುವರ್ಷವೇ ಮೈಸೂರಿನ ಪ್ರೆಸ್ ಕೆಲಸ ಆರಂಭಿಸಿತು. ನೋಟಿಗೆ ಬೇಕಾದ ಕಾಗದದ ಕಾರ್ಖಾನೆಯೂ ಇದೇ ಊರಲ್ಲಿದೆ. ಒಳಗೆ ಹೋಗಿ ನೋಡಬೇಕಿರಲಿಲ್ಲ. ನೋಟಿನ ಗುರುತುಗಳ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ ನವೆಂಬರ್ 8ರಂದೇ ಪ್ರಕಟಿಸಿತ್ತು. ಓರೆ ಮಾಡಿದರೆ ಹಸಿರಿನಿಂದ ನೀಲಿಗೆ ತಿರುಗುವ ದಾರ, ಅಂಧರು ಮುಟ್ಟಿ ಗುರುತಿಸಲು ಅಂಚಿನಲ್ಲಿ ಉಬ್ಬು ಗೆರೆಗಳು, ಹಿಂಬದಿಯಲ್ಲಿ ಮಂಗಳಯಾನ, ಎಲ್ಲಾ ಇತ್ತು. ಚಿಪ್ ಇರಲಿಲ್ಲ. ಐದು ನಿಮಿಷದ ಓದು. ನಾನು ಓದಲಿಲ್ಲ.

ಸರಸ್ವತಿಪುರಂನಲ್ಲಿ ನನ್ನ ದೊಡ್ಡಮ್ಮ ಇದ್ದಾರೆ. ಮನೆಖರ್ಚಿನಲ್ಲಿ ಉಳಿಸಿದ ದುಡ್ಡನ್ನು ಸಾಸಿವೆ ಡಬ್ಬಿಯಲ್ಲಿ ಇಡುತ್ತಿದ್ದರು. ಬ್ಯಾಂಕಿನ ಕ್ಯೂನಲ್ಲಿ ನಿಂತು ಹೊಸ ನೋಟು ತಂದರು. ಆಮೇಲೆ ಟೀವಿಯಲ್ಲಿ ಚಿಪ್ ನೋಡಿದರು. ಹೆದರಿ, ಅಷ್ಟನ್ನೂ ಮಗನ ಕೈಗಿಟ್ಟರು. ಯಾರನ್ನೂ ಕೇಳದೆ ಖರ್ಚು ಮಾಡಬಹುದಾದ ದುಡ್ಡು ಅವರ ಹತ್ತಿರ ಅಷ್ಟೇ ಇದ್ದದ್ದು. ಚಿಪ್ ಸುಳ್ಳು ಅಂತ ನಾನು ತಿಂಗಳಾದ ಮೇಲೆ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ನೀನು ಇಂಜಿನಿಯರಲ್ವೇನೋ? ಅವತ್ತೇ ಯಾಕೆ ಹೇಳಲಿಲ್ಲ?"

ಹಾಗಂತ ಫೋನಿಗೆ ಬಂದದ್ದೆಲ್ಲ ಸುಳ್ಳು ಅಂತಲೂ ಅಲ್ಲ. ನವೆಂಬರ್ 8ಕ್ಕೂ ಮೊದಲೇ 2000ದ ನೋಟಿನ ಫೋಟೊಗಳು ಹರಿದಾಡಿದ್ದವು. ಎಷ್ಟೋ ಜನ 'ಫೇಕ್' ಅಂತ ನಕ್ಕರು. ಅದು ನಿಜವಾಗಿತ್ತು! ನಿಜವನ್ನು ನಕ್ಕು ತಳ್ಳಿದ ನಾವೇ, ಒಂದೇ ವಾರದಲ್ಲಿ ಸುಳ್ಳನ್ನು ಕಣ್ಣುಮುಚ್ಚಿ ನಂಬಿದೆವು. ಎರಡೂ ಸಲ ಬಿಟ್ಟುಹೋದದ್ದು ಒಂದೇ ಕೆಲಸ: ಇದು ಹೇಗೆ ನಡೆಯುತ್ತೆ, ಇದನ್ನು ಹೇಳಬೇಕಾದವರು ಏನು ಹೇಳಿದ್ದಾರೆ ಅಂತ ನೋಡೋದು.

2023ರ ಮೇ 19ರಂದು ಆ ನೋಟನ್ನೂ ಹಿಂತೆಗೆದುಕೊಳ್ಳುವ ಘೋಷಣೆ ಬಂತು. ಆಗ ಚಲಾವಣೆಯಲ್ಲಿದ್ದದ್ದು 3.56 ಲಕ್ಷ ಕೋಟಿ ರೂಪಾಯಿಯ ನೋಟುಗಳು. ಯಾವ ಉಪಗ್ರಹವೂ ಹುಡುಕಿಕೊಡಲಿಲ್ಲ. ಜನರೇ ತಂದು ಬ್ಯಾಂಕಿಗೆ ಕೊಟ್ಟರು.

ಈಗ ನಾನು ಕ್ಯಾಮೆರಾ ಮುಂದೆ ಕೂರ್ತೀನಿ. ಪ್ರತಿ ಸ್ಕ್ರಿಪ್ಟ್ ಬಂದಾಗಲೂ ದೊಡ್ಡಮ್ಮನ ಪ್ರಶ್ನೆ ನೆನಪಾಗುತ್ತೆ. ನೀವೂ ನನ್ನನ್ನು ಅದೇ ಪ್ರಶ್ನೆ ಕೇಳಿ. ಟೀವಿಯಲ್ಲಿ ಬಂತು ಅನ್ನೋದು ಸಾಕ್ಷಿ ಅಲ್ಲ. ನಾನು ಹೇಳಿದೆ ಅನ್ನೋದೂ ಅಲ್ಲ.